ಜಗಳವೂ ಪ್ರಾರ್ಥನೆಯೇ

ಸಾವಿನ ಮನೆಯಿಂದ ನನ್ನ ಬಳಿಗೆ ಬರುವವರಲ್ಲಿ ಅನೇಕರು ಮೊದಲು ಅಳುವುದಿಲ್ಲ, ಕ್ಷಮೆ ಕೇಳುತ್ತಾರೆ. “ನನ್ನ ವಿಶ್ವಾಸ ಹೋಗಿಬಿಟ್ಟಿದೆ” ಎಂದು ತಗ್ಗಿದ ದನಿಯಲ್ಲಿ, ಕದ್ದು ಸಿಕ್ಕಿಬಿದ್ದವರಂತೆ ಹೇಳುತ್ತಾರೆ. ಮಗುವನ್ನು ಮಣ್ಣಿಗೆ ಕೊಟ್ಟು ಇನ್ನೂ ತಿಂಗಳು ತುಂಬದ ತಾಯಿ ಯಾರಲ್ಲಿ, ಯಾವ ತಪ್ಪಿಗೆ ಕ್ಷಮೆ ಕೇಳಬೇಕು?

ಆಸ್ಪತ್ರೆಯಲ್ಲಿ ರೋಗಿಗಳಿಗೂ ಅವರ ಮನೆಯವರಿಗೂ ಆತ್ಮಿಕ ಆಸರೆಯಾಗಿ ನಿಲ್ಲುವುದು ನನ್ನ ಕೆಲಸ. ಮರಣದ ಮುಂದೆ ನಿಂತವರ ಮೇಲೆ ನನಗೆ ಎಂದೂ ಬೇಸರವಾಗಿಲ್ಲ. ಬೇಸರವಾಗುವುದು ಅವರ ಕಿವಿಯಲ್ಲಿ ನನಗಿಂತ ಮೊದಲು ಬಿದ್ದಿರುವ ಮಾತುಗಳಿಂದ. “ಅಳಬೇಡಿ, ಸ್ತೋತ್ರ ಹೇಳಿ.” “ದೇವರ ಚಿತ್ತವನ್ನು ಪ್ರಶ್ನಿಸಬಾರದು.” ಹೇಳುವವರು ಕೆಟ್ಟವರಲ್ಲ. ಸುಮ್ಮನಿರಲು ಭಯಪಡುವವರು, ಅಷ್ಟೇ. ಆದರೆ ಕೇಳಿಸಿಕೊಂಡವರು ಒಂದು ಲೆಕ್ಕ ಹಾಕಿಕೊಳ್ಳುತ್ತಾರೆ: ದೇವರ ಮೇಲೆ ಸಿಟ್ಟು ಬಂದಿದೆ, ಆದ್ದರಿಂದ ನಂಬಿಕೆ ಸತ್ತಿದೆ. ಈ ಲೆಕ್ಕ ತಪ್ಪು. ಎಷ್ಟು ಸಲ ಹೇಳಿದರೂ ಇದು ತಲೆಯಿಂದ ಹೋಗುವುದಿಲ್ಲವಾದ್ದರಿಂದ ಇಲ್ಲಿ ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಹೆಂಡತಿಯನ್ನು ಕಳೆದುಕೊಂಡ ಒಬ್ಬರು ಹಲವು ವಾರ ನನ್ನೊಡನೆ ಕುಳಿತಿದ್ದರು. ಪ್ರಾರ್ಥನೆ ನಿಂತುಹೋಗಿದೆ ಎಂಬುದೇ ಅವರ ಅಳಲು. ರಾತ್ರಿ ನಿದ್ದೆ ಬಾರದಾಗ ಏನು ಮಾಡುತ್ತೀರಿ ಎಂದು ಕೇಳಿದೆ. “ಕತ್ತಲಲ್ಲಿ ಕುಳಿತು ಜಗಳವಾಡುತ್ತೇನೆ. ಅವಳನ್ನೇ ಯಾಕೆ ಕರೆದುಕೊಂಡೆ, ನಾನಿರಲಿಲ್ಲವೇ ಎಂದು ಕೇಳುತ್ತೇನೆ.” ಯಾರನ್ನು ಕೇಳುತ್ತೀರಿ ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆ ದಿನ ಅವರ ನೋವು ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಪ್ರಾರ್ಥನೆ ನಿಂತಿದೆ ಎಂದು ಆಮೇಲೆ ಅವರು ಹೇಳಲಿಲ್ಲ.

ನಾನು ಗಮನಿಸುವುದು ಒಂದು ಸಣ್ಣ ವ್ಯಾಕರಣದ ವಿಷಯವನ್ನು. ದುಃಖದಲ್ಲಿರುವವರು ದೇವರನ್ನು ‘ಆತನು’ ಎನ್ನುತ್ತಿದ್ದಾರೆಯೇ, ‘ನೀನು’ ಎನ್ನುತ್ತಿದ್ದಾರೆಯೇ? ನಾವು ಬಹುವಚನದ ಮರ್ಯಾದೆಯನ್ನು ಹೊರಗಿನವರಿಗೆಲ್ಲ ಕೊಟ್ಟು, ಅಮ್ಮನಂಥ ಹತ್ತಿರದವರಿಗೂ ದೇವರಿಗೂ ‘ನೀನು’ ಎನ್ನುವ ಭಾಷೆಯವರು. “ನೀನು ಯಾಕೆ ಹೀಗೆ ಮಾಡಿದೆ?” ಎಂಬ ಪ್ರಶ್ನೆಯಲ್ಲಿ ಎಷ್ಟೇ ಕಹಿಯಿರಲಿ, ಕೇಳಿಸಿಕೊಳ್ಳುವವನೊಬ್ಬನು ಎದುರಿಗೆ ಇದ್ದಾನೆಂಬ ಎಣಿಕೆಯಿದೆ. ಇಲ್ಲದವನೊಡನೆ ಯಾರೂ ಜಗಳವಾಡುವುದಿಲ್ಲ.

ಇದು ನಾನು ಕಟ್ಟಿದ ಮಾತಲ್ಲ, ಸತ್ಯವೇದದಲ್ಲೇ (ಬೈಬಲಿನಲ್ಲೇ) ಇದೆ. ಯೋಬನ ಪುಸ್ತಕವನ್ನು ಈ ಒಂದು ಕಣ್ಣಿನಿಂದ ಓದಿ ನೋಡಿ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಬಳಿಗೆ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ಏಳು ದಿನ, ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತುಕೊಳ್ಳುತ್ತಾರೆ. ಅಷ್ಟಕ್ಕೇ ನಿಂತಿದ್ದರೆ ಅವರಷ್ಟು ಒಳ್ಳೆಯ ಗೆಳೆಯರಿರಲಿಲ್ಲ. ಬಾಯಿ ತೆರೆದ ಮೇಲೆ ದೇವರ ವಿಷಯವಾಗಿ ಅಧ್ಯಾಯಗಟ್ಟಲೆ ಮಾತನಾಡುತ್ತಾರೆ. ಆದರೆ ದೇವರೊಡನೆ ಒಂದೇ ಒಂದು ಮಾತನ್ನೂ ಆಡುವುದಿಲ್ಲ. ಯೋಬನು ಹಾಗಲ್ಲ. ಗೆಳೆಯರಿಗೆ ಉತ್ತರ ಕೊಡುತ್ತಿರುವಾಗಲೇ ದೇವರ ಕಡೆಗೆ ತಿರುಗಿಬಿಡುತ್ತಾನೆ. ಏಳನೆಯ ಅಧ್ಯಾಯದಲ್ಲಿ, ನೀನು ನನಗೆ ಕಾವಲು ಹಾಕಲು ನಾನೇನು ಸಮುದ್ರವೋ ಎಂದು ಕೇಳುತ್ತಾನೆ. ಉಗುಳು ನುಂಗುವಷ್ಟು ಹೊತ್ತಾದರೂ ನನ್ನನ್ನು ಬಿಡಬಾರದೇ ಎನ್ನುತ್ತಾನೆ. ಇಂಥ ಮಾತನ್ನು ಇಂದು ಯಾರಾದರೂ ಪ್ರಾರ್ಥನಾ ಕೂಟದಲ್ಲಿ ಆಡಿದರೆ ಅವರಿಗೆ ಬುದ್ಧಿ ಹೇಳಲು ನಾಲ್ಕು ಜನ ಎದ್ದು ನಿಲ್ಲುತ್ತಾರೆ.

ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ಉರಿಯುವುದು ಯಾರ ಮೇಲೆ? ಆ ಮೂವರ ಮೇಲೆ. ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲ ಎಂದು ದೇವರು ಎಲೀಫಜನಿಗೆ ಹೇಳುತ್ತಾನೆ. ‘ನನ್ನ ವಿಷಯದಲ್ಲಿ’ ಎಂದು ಅನುವಾದವಾಗಿರುವ ಹೀಬ್ರೂ ಪದದ ಸಾಮಾನ್ಯ ಅರ್ಥ ‘ನನಗೆ’, ‘ನನ್ನ ಕಡೆಗೆ’ ಎಂದು. ಆ ಒಂದು ಪದದ ಮೇಲೆ ಸಿದ್ಧಾಂತ ಕಟ್ಟಲು ನಾನು ಹೋಗುವುದಿಲ್ಲ. ಯೋಬನ ಪ್ರತಿ ಮಾತೂ ಸರಿಯೆಂದೂ ಹೇಳುವುದಿಲ್ಲ. ದೇವರು ಸುಳಿಗಾಳಿಯೊಳಗಿಂದ ಅವನನ್ನೂ ಪ್ರಶ್ನಿಸುತ್ತಾನೆ, ಅವನೂ ತನ್ನ ಮಾತನ್ನು ಹಿಂದೆಗೆದುಕೊಳ್ಳುತ್ತಾನೆ. ಆದರೂ ಸೇವಕನೆಂಬ ಹೆಸರು ಉಳಿದದ್ದು ಜಗಳವಾಡಿದವನಿಗೆ.

ಸತ್ಯವೇದದ ಹಾಡುಗಳಾದ ಕೀರ್ತನೆಗಳು 150. ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗೋಳಿನ ಹಾಡುಗಳು. ಹೆಚ್ಚಿನವು ಕೊನೆಗೆ ಹೇಗೋ ಸ್ತುತಿಯ ಕಡೆಗೆ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದವೇ ಕತ್ತಲೆ. ಆದರೆ ಅದು ಆರಂಭವಾಗುವುದು ನನ್ನನ್ನು ರಕ್ಷಿಸುವ ದೇವರೇ ಎಂಬ ಕರೆಯಿಂದ. ರಕ್ಷಣೆಯ ಸುಳಿವೂ ಕಾಣದ ಆ ಹಾಡನ್ನು ಆರಾಧನೆಯ ಪುಸ್ತಕದಿಂದ ಯಾರೂ ಕಿತ್ತುಹಾಕಲಿಲ್ಲವಲ್ಲ ಎಂದು ನೆನೆದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಶಿಲುಬೆಯ ಮೇಲೆ ಯೇಸು ಕೂಗಿದ ‘ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂಬ ಮಾತೂ 22ನೆಯ ಕೀರ್ತನೆಯ ಮೊದಲ ಸಾಲೇ.

ಸತ್ತ ಲಾಜರನ ಸಹೋದರಿಯರಾದ ಮಾರ್ಥ, ಮರಿಯರನ್ನೂ ನೆನೆಯಿರಿ. ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮನು ಸಾಯುತ್ತಿರಲಿಲ್ಲ ಎಂದು ಇಬ್ಬರೂ ಒಬ್ಬರ ನಂತರ ಒಬ್ಬರು ಅದೇ ಆಕ್ಷೇಪಣೆಯನ್ನು ಯೇಸುವಿನ ಮುಖಕ್ಕೇ ಹೇಳುತ್ತಾರೆ. ಆತನು ಇಬ್ಬರನ್ನೂ ಗದರಲಿಲ್ಲ. ಇನ್ನೇನು ಲಾಜರನನ್ನು ಎಬ್ಬಿಸುವವನಿದ್ದರೂ ಮೊದಲು ಕಣ್ಣೀರು ಬಿಟ್ಟನು.

“ದುಃಖಿಸಬಾರದು ಎಂದು ಪೌಲನು ಬರೆದಿಲ್ಲವೇ?” ಎಂದು ಕೇಳುವವರಿದ್ದಾರೆ. ಥೆಸಲೋನಿಕದ ಸಭೆಯವರಿಗೆ ಪತ್ರದಲ್ಲಿ ಆ ಅಪೊಸ್ತಲನು ಬರೆದದ್ದು, ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬಾರದು ಎಂದು. ಆ ‘ಹಾಗೆ’ ಎಂಬ ಪದವನ್ನು ದಯವಿಟ್ಟು ನುಂಗಬೇಡಿ. ರೋಮಾಪುರದವರಿಗೆ ಅದೇ ಪೌಲನು, ಅಳುವವರ ಸಂಗಡ ಅಳಿರಿ ಎಂದು ಬರೆದಿದ್ದಾನೆ.

ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಆ ಮೂವರು ಗೆಳೆಯರಲ್ಲಿ ಒಬ್ಬನಾಗಿದ್ದೆ. ಮಗನ ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ ತಂದೆಗೆ ರೋಮಾ 8:28ನ್ನು ಓದಿದೆ, ಎಲ್ಲವೂ ಹಿತಕ್ಕಾಗಿಯೇ ಕೂಡಿಬರುತ್ತದೆ ಎಂದು. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿದರು. ವಚನ ಸತ್ಯವೇ. ಆದರೆ ಆ ಗಳಿಗೆಯಲ್ಲಿ ಅದನ್ನು ಹೇಳುವ ಅಧಿಕಾರ ಆ ತಂದೆಗಿತ್ತು, ನನಗಿರಲಿಲ್ಲ.

ಒಂದು ಎಚ್ಚರಿಕೆ. ನಾನು ವೈದ್ಯನಲ್ಲ. ಎಲ್ಲ ಸಂಕಟವೂ ಆತ್ಮಿಕ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಈಗ ದೀರ್ಘಕಾಲದ ಶೋಕವೆಂಬ ಕಾಯಿಲೆಗೂ ಜಾಗವಿದೆ. ಆರು ತಿಂಗಳು ಮೀರಿಯೂ ತೀವ್ರವಾದ ದುಃಖ ಬಿಡದೆ ಕಾಡಿ, ದಿನನಿತ್ಯದ ಬದುಕು ನಿಂತುಹೋದರೆ ಅದನ್ನು ಪರಿಗಣಿಸುತ್ತಾರೆ. ಆರು ತಿಂಗಳಾದರೂ ಅಳುವವರೆಲ್ಲ ರೋಗಿಗಳು ಎಂದು ಇದರ ಅರ್ಥವಲ್ಲ. ಆದರೆ ಬದುಕು ಬೇಡ ಎಂಬ ಯೋಚನೆ ಬಂದರೆ ಆರು ತಿಂಗಳು, ಆರು ದಿನ ಎಂದು ಎಣಿಸುತ್ತ ಕೂರದೆ ತಕ್ಷಣ ವೈದ್ಯರ ಬಳಿಗೆ ಹೋಗಿ. ಔಷಧಿ ತೆಗೆದುಕೊಳ್ಳುವುದು ಅಪನಂಬಿಕೆ ಎಂದು ಯಾರಾದರೂ ಹೇಳಿದರೆ ಎಲೀಯನ ಕಥೆಯನ್ನು ನೆನಪಿಸಿ. ಸಾಯಬೇಕೆಂದು ಅಡವಿಯ ಗಿಡದ ಕೆಳಗೆ ಮಲಗಿದ ಪ್ರವಾದಿಗೆ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟನು, ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು.

ಜಗಳವಾಡುವ ಶಕ್ತಿಯೂ ಇಲ್ಲ, ಒಳಗೆಲ್ಲ ಬರಿದಾಗಿದೆ ಎನ್ನುವವರೂ ನನ್ನ ಬಳಿ ಬರುತ್ತಾರೆ. ಅವರಿಗೆ ನಾನು ಏನನ್ನೂ ಮಾಡಲು ಹೇಳುವುದಿಲ್ಲ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಚಾವಣಿ ಬಿಚ್ಚಿ ಇಳಿಸಿದಾಗ ಯೇಸು ಕಂಡದ್ದು ‘ಅವರ ನಂಬಿಕೆಯನ್ನು’ ಎಂದು ಸುವಾರ್ತೆಯಲ್ಲಿ ಮಾರ್ಕನು ಬರೆಯುತ್ತಾನೆ. ಹಾಸಿಗೆಯ ಮೇಲಿದ್ದವನು ಒಂದು ಮಾತನ್ನಾದರೂ ಆಡಿದನೆಂದು ಬರೆದಿಲ್ಲ.

ಹೆಂಡತಿಯನ್ನು ಕಳೆದುಕೊಂಡ ಆ ವ್ಯಕ್ತಿ ಈಗ ಭಾನುವಾರ ಸಭೆಗೆ ಬರುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಹಾಡುವುದಿಲ್ಲ. ಪಕ್ಕದಲ್ಲಿ ಕೂರುವ ಮುದುಕಿಯೊಬ್ಬರು ಸಂಗೀತ ಪುಸ್ತಕವನ್ನು ಅವರಿಗೂ ಕಾಣುವಂತೆ ಹಿಡಿದು ತಾವೇ ಇಬ್ಬರ ಪಾಲನ್ನೂ ಹಾಡುತ್ತಾರೆ.