ಸ್ಟೋಕ್‌ನಲ್ಲಿ ಮನೆ ಇಷ್ಟು ಅಗ್ಗ ಯಾಕೆ? ತಗೊಳ್ಳಬಹುದಾ?

ಪ್ರಶ್ನೆ: ನನ್ನ ಹೆಂಡತಿಗೆ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಎರಡು ವರ್ಷದಿಂದ ಬಾಡಿಗೆ ಕಟ್ಟುತ್ತಿದ್ದೇವೆ. ಇಲ್ಲಿ ಎರಡು ಬೆಡ್‌ರೂಮಿನ ಹಳೇ ಮನೆ ಒಂದು ಲಕ್ಷ ಪೌಂಡಿನ ಆಚೀಚೆ ಸಿಗುತ್ತದೆ. ಲಂಡನ್‌ನಲ್ಲಿರುವ ನನ್ನ ತಮ್ಮ, "ಅಷ್ಟು ಅಗ್ಗಕ್ಕೆ ಕೊಡ್ತಾರೆ ಅಂದ್ರೆ ಏನೋ ಐಬು ಇರಲೇಬೇಕು" ಅನ್ನುತ್ತಾನೆ. ಹೌದಾ?

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ನಾನು ಸ್ಟೋಕ್‌ನ ಬರ್ಸ್‌ಲಮ್‌ನಲ್ಲಿ ಹನ್ನೊಂದು ವರ್ಷದಿಂದ ಇಂಥದ್ದೇ ಮನೆಯಲ್ಲಿ ಇದ್ದೇನೆ. ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ: ತಗೊಳ್ಳಿ. ಆದರೆ ವಾಸಕ್ಕೆ ಅಂತ ತಗೊಳ್ಳಿ, ಮತ್ತೆ ಗೋಡೆಯನ್ನೂ ನೆಲವನ್ನೂ ಬೀದಿಯನ್ನೂ ನೋಡಿ ತಗೊಳ್ಳಿ.

ಮೊದಲು ಬೆಲೆಯ ವಿಷಯ. ಸ್ಟೋಕ್ ಅಂದರೆ ಒಂದು ಊರಲ್ಲ, ಆರು ಊರು. ಟನ್‌ಸ್ಟಲ್, ಬರ್ಸ್‌ಲಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್. 1910ರಲ್ಲಿ ಇವೆಲ್ಲ ಒಂದಾದವು. ನೆಲದಡಿ ಕಲ್ಲಿದ್ದಲೂ ಇತ್ತು, ಜೇಡಿಮಣ್ಣೂ ಇತ್ತು. ಹಾಗಾಗಿ ಪಿಂಗಾಣಿ ಕೆಲಸ ಇಲ್ಲಿ ಬೇರೂರಿತು. ಹೆಸರಾಂತ ಪಿಂಗಾಣಿ ತಯಾರಕ ಜೊಸಾಯ ವೆಜ್‌ವುಡ್ ತನ್ನ ಕಾರ್ಖಾನೆ ಶುರು ಮಾಡಿದ್ದು 1759ರಲ್ಲಿ, ನಮ್ಮ ಬರ್ಸ್‌ಲಮ್‌ನಲ್ಲೇ. 1777ರಲ್ಲಿ ಟ್ರೆಂಟ್-ಮರ್ಸಿ ಕಾಲುವೆ ಪೂರ್ತಿಯಾಯಿತು. ಬಿಳಿ ಮಣ್ಣು ದೂರದ ಕಾರ್ನ್‌ವಾಲ್‌ನಿಂದ ದೋಣಿಯಲ್ಲಿ ಬಂತು, ತಟ್ಟೆ-ಬಟ್ಟಲು ದೋಣಿಯಲ್ಲೇ ಹೊರಗೆ ಹೋದವು. ಒಂದು ಕಾಲಕ್ಕೆ ಇಲ್ಲಿ ಪಿಂಗಾಣಿ ಸುಡುವ, ಬಾಟಲಿ ಆಕಾರದ ಭಟ್ಟಿಗಳೇ ಸುಮಾರು 2000 ಇದ್ದವು. ಇವತ್ತು ಉಳಿದಿರುವುದು 50ಕ್ಕಿಂತ ಕಡಿಮೆ.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ಚಾಟರ್ಲಿ ವಿಟ್‌ಫೀಲ್ಡ್ ಕಲ್ಲಿದ್ದಲು ಗಣಿ 1977ರಲ್ಲಿ. ಶೆಲ್ಟನ್‌ನಲ್ಲಿ ಉಕ್ಕು ಕರಗಿಸುವುದು ನಿಂತದ್ದು 1978ರಲ್ಲಿ. ನೈಲ್ ಸ್ಟ್ರೀಟ್‌ನ ರಾಯಲ್ ಡೌಲ್ಟನ್ ಪಿಂಗಾಣಿ ಕಾರ್ಖಾನೆ 2005ರಲ್ಲಿ. ಕೆಲಸಗಾರರು ನಡೆದುಕೊಂಡೇ ಕೆಲಸಕ್ಕೆ ಹೋಗಲಿ ಅಂತ ಕಾರ್ಖಾನೆಗಳ ಪಕ್ಕದಲ್ಲೇ ಬೀದಿಗಟ್ಟಲೆ ಮನೆ ಕಟ್ಟಿದ್ದರು. ಕೆಲಸ ಹೋಯಿತು, ಮನೆಗಳು ಉಳಿದವು. ಬೆಲೆ ಇಳಿದದ್ದಕ್ಕೆ ದೊಡ್ಡ ಕಾರಣ ಇದೇ. ನಿಮ್ಮ ತಮ್ಮ ಐಬು ಅಂತ ಹೇಳುವುದು ಈ ಚರಿತ್ರೆಯನ್ನ.

2013ರಲ್ಲಿ ಕೌನ್ಸಿಲ್‌ನವರು (ನಮ್ಮ ನಗರಸಭೆಯ ಥರ) ಇಲ್ಲಿನ ಕೋಬ್ರಿಜ್‌ನಲ್ಲಿ ಖಾಲಿ ಬಿದ್ದಿದ್ದ ಮೂವತ್ತಕ್ಕೂ ಹೆಚ್ಚು ಮನೆಗಳನ್ನು ತಲಾ ಒಂದು ಪೌಂಡಿಗೆ ಕೊಟ್ಟರು. ಅದನ್ನು ಕೇಳಿ ಈಗಲೂ ಜನ "ಒಂದು ಪೌಂಡಿನ ಮನೆ ಸಿಗುತ್ತಾ?" ಅಂತ ಕೇಳುತ್ತಾರೆ. ಅದು ಪುಕ್ಕಟೆ ಏನಲ್ಲ. ರಿಪೇರಿಗೆ ಕೌನ್ಸಿಲ್‌ನಿಂದ ಸಾಲ ತಗೊಂಡು ತೀರಿಸಬೇಕಿತ್ತು, ಅಲ್ಲೇ ವಾಸ ಮಾಡಬೇಕಿತ್ತು. ಹಾಗೆ ಬಂದವರು ದೀಪ ಹಚ್ಚಿದ ಮೇಲೆ ಆ ಬೀದಿಗಳಿಗೆ ಜೀವ ಬಂತು.

ಈಗ ಮನೆಯ ವಿಷಯ. ಇಲ್ಲಿ ಟೆರೇಸ್ ಹೌಸ್ ಅಂದರೆ ತಾರಸಿ ಮನೆ ಅಂದುಕೊಳ್ಳಬೇಡಿ. ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆ. ನಮ್ಮ ವಠಾರಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಮುಂಬಾಗಿಲು ತೆಗೆದರೆ ನೇರ ಫುಟ್‌ಪಾತ್. ಕೆಳಗೆ ಎರಡು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು. ಮೇಲೆ ಎರಡು ಕೋಣೆ. ಹಿತ್ತಿಲು ಅಂದರೆ ನಾಲ್ಕು ಹೆಜ್ಜೆ ಜಾಗ. ನಾನು ಅಲ್ಲಿ ಕೊತ್ತಂಬರಿ ಹಾಕೋಣ ಅಂತ ಅಗೆದಾಗ, ಗೇಣಾಳಕ್ಕೇ ನೀಲಿ-ಬಿಳಿ ಪಿಂಗಾಣಿ ಚೂರುಗಳು ಬಂದವು. ಒಂದರ ಮೇಲೆ ಅರ್ಧ ಹಕ್ಕಿ, ಇನ್ನೊಂದರ ಮೇಲೆ ಬರೀ ರೆಕ್ಕೆ. ಇಲ್ಲಿ ಎಲ್ಲಿ ಅಗೆದರೂ ಹೀಗೆ ಸಿಗುತ್ತದೆ. ಒಡೆದ ತಟ್ಟೆಗಳನ್ನೆಲ್ಲ ಹಳ್ಳಕ್ಕೆ ಸುರಿದು ನೆಲ ತುಂಬಿಸಿದ್ದಾರೆ.

ಅದಕ್ಕೇ ನೆಲ ನೋಡಬೇಕು ಅಂದದ್ದು. ಕಲ್ಲಿದ್ದಲು ತೆಗೆದ ಸುರಂಗಗಳು ಕೆಳಗಿವೆ. ಜೇಡಿಮಣ್ಣು ತೆಗೆದ ಗುಂಡಿಗಳನ್ನು ಆಮೇಲೆ ಕಸ ಹಾಕಿ ಮುಚ್ಚಿದ್ದಾರೆ. ನಿಮ್ಮ ಸಾಲಿಸಿಟರ್, ಅಂದರೆ ಮನೆ ಕಾಗದಪತ್ರ ನೋಡುವ ವಕೀಲರ ಹತ್ತಿರ, ಮೈನಿಂಗ್ ಸರ್ಚ್ (ಗಣಿ ದಾಖಲೆಗಳ ತಪಾಸಣೆ) ಮಾಡಿಸಲೇಬೇಕು ಅಂತ ಹೇಳಿ. ಮುಂಚೆ ಕೋಲ್ ಅಥಾರಿಟಿ ಅಂತಿದ್ದ ಸರ್ಕಾರಿ ಸಂಸ್ಥೆಗೆ 2024ರಿಂದ ಮೈನಿಂಗ್ ರೆಮಿಡಿಯೇಷನ್ ಅಥಾರಿಟಿ ಅಂತ ಹೆಸರು. ದಾಖಲೆ ಎಲ್ಲ ಅವರ ಹತ್ತಿರ ಇದೆ. ಗಣಿ ಬಾವಿ ಮನೆಯಿಂದ ಎಷ್ಟು ದೂರ, ಹಿಂದೆ ಯಾರಾದರೂ ಪರಿಹಾರ ಕೇಳಿದ್ದರಾ, ಇವೆರಡನ್ನು ರಿಪೋರ್ಟ್‌ನಲ್ಲಿ ಮೊದಲು ಓದಿ. ಗಣಿ ಬಾವಿ 20 ಮೀಟರ್ ಒಳಗಿದ್ದರೆ ಬ್ಯಾಂಕ್‌ನವರು ಸಾಲ ಕೊಡಲು ಹಿಂದೆಮುಂದೆ ನೋಡಬಹುದು. ಕೆಳಗೆ ಗಣಿ ಇತ್ತು ಅನ್ನುವಷ್ಟಕ್ಕೇ ಹೆದರಬೇಡಿ. ಈ ಊರಿನಲ್ಲಿ ಅದು ಮಾಮೂಲಿ.

ಗೋಡೆ ಮಾತ್ರ ನಿಧಾನವಾಗಿ ನೋಡಿ. ಇವು ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ ಗೋಡೆಗಳು. ಈಗಿನ ಮನೆಗಳ ಹಾಗೆ ಮಧ್ಯೆ ಸಂದು ಬಿಟ್ಟಿರುವುದಿಲ್ಲ. ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಸುಣ್ಣದ ಗಾರೆ ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಆಮೇಲೆ ಬಂದವರು ಅದರ ಮೇಲೆ ಸಿಮೆಂಟ್ ಮೆತ್ತಿದರೆ ಒಳಗೆ ಹೋದ ನೀರು ಹೊರಗೆ ಬರದೆ ಗೋಡೆಯಲ್ಲೇ ಉಳಿಯುತ್ತದೆ.

ನಮ್ಮ ಮನೆ ಮಹಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಅಂಗೈ ಅಗಲದ ಕಲೆ ಇತ್ತು. ಮಳೆ ಬಂದ ಮಾರನೇ ದಿನ ದೊಡ್ಡದಾಗುತ್ತಿತ್ತು. ಚಳಿಗಾಲಕ್ಕೆ ಕಪ್ಪಗೆ ಬೂಷ್ಟು. ಪುಕ್ಕಟೆ ಪರೀಕ್ಷೆ ಮಾಡುತ್ತೇವೆ ಅಂತ ಒಬ್ಬರು ಬಂದರು. ಗೋಡೆಗೆ ಮೀಟರ್ ಒತ್ತಿದರು, ಅದು ಕೀಂಯ್ ಅಂತು. ಕೆಳಗಿನ ಗೋಡೆಗೆಲ್ಲ ರಾಸಾಯನಿಕ ಚುಚ್ಚಬೇಕು, ಸಾವಿರಾರು ಪೌಂಡ್ ಆಗುತ್ತದೆ ಅಂದರು. ಕಲೆ ಇದ್ದದ್ದು ಮಹಡಿಯಲ್ಲಿ! ನೆಲದ ತೇವ ಹೆಚ್ಚೆಂದರೆ ಸೊಂಟದ ಮಟ್ಟಕ್ಕೆ ಹತ್ತುತ್ತದೆ, ಮಹಡಿಗೆ ಹೇಗೆ ಬರುತ್ತೆ? ಪಕ್ಕದ ಮನೆಯ ಅಜ್ಜ ಏಣಿ ತಂದು ಒರಗಿಸಿದರು. ಸೂರಿನಂಚಿನ ಮಳೆನೀರಿನ ದೋಣಿಯಲ್ಲಿ ಹುಲ್ಲು ಬೆಳೆದು ನಿಂತಿತ್ತು. ನೀರು ಹೋಗಲು ದಾರಿ ಇಲ್ಲದೆ ಗೋಡೆಗೆ ಸುರಿಯುತ್ತಿತ್ತು. ಅದನ್ನು ಬಿಡಿಸಿ, ಆ ಜಾಗದ ಸಿಮೆಂಟ್ ಕಿತ್ತು ಸುಣ್ಣದ ಗಾರೆ ತುಂಬಿಸಿದೆವು. ಒಂದು ಬೇಸಿಗೆಯಲ್ಲಿ ಗೋಡೆ ಒಣಗಿತು.

ಹಾಗಾಗಿ ಔಷಧಿ ಮಾರುವವರ ಹತ್ತಿರ ರೋಗ ಕೇಳಬೇಡಿ. ಮನೆ ಪರೀಕ್ಷೆ ಮಾಡುವ ನಿಮ್ಮದೇ ಸರ್ವೇಯರ್‌ನ ಇಟ್ಟುಕೊಳ್ಳಿ. ನೂರು ವರ್ಷ ದಾಟಿದ ಮನೆಗೆ ಲೆವೆಲ್ 3 ಸರ್ವೇ, ಅಂದರೆ ಎಲ್ಲಕ್ಕಿಂತ ವಿವರವಾದ ಪರೀಕ್ಷೆ ಮಾಡಿಸಿ, ಅಲ್ಲಿ ಉಳಿಸಿದ ಹಣ ಆಮೇಲೆ ಹತ್ತರಷ್ಟು ಹೋಗುತ್ತದೆ. ಬ್ಯಾಂಕ್‌ನವರು ಮಾಡುವ ವ್ಯಾಲ್ಯುಯೇಷನ್ ಅವರ ಸಾಲದ ಭದ್ರತೆಗೆ, ನಿಮ್ಮ ಮನೆಯ ಆರೋಗ್ಯಕ್ಕಲ್ಲ. ಎರಡು ಮನೆ ನಡುವೆ ಓಣಿ ಇದ್ದು, ಅದರ ಮೇಲೆ ಬೆಡ್‌ರೂಮ್ ಚಾಚಿಕೊಂಡಿದ್ದರೆ ಸಾಲಿಸಿಟರ್‌ಗೆ ಮೊದಲೇ ಹೇಳಿ. ಅದನ್ನು ಫ್ಲೈಯಿಂಗ್ ಫ್ರೀಹೋಲ್ಡ್ ಅನ್ನುತ್ತಾರೆ, ಕೆಲವು ಬ್ಯಾಂಕ್‌ಗಳು ತಕರಾರು ತೆಗೆಯುತ್ತವೆ.

ನಮ್ಮವರು ಎಡವುವುದು ತೆರಿಗೆಯಲ್ಲಿ. 1,25,000 ಪೌಂಡ್ ತನಕ ಇಂಗ್ಲೆಂಡಿನಲ್ಲಿ ಸ್ಟಾಂಪ್ ಡ್ಯೂಟಿ ಇಲ್ಲ, ಹಾಗಾಗಿ ನಮಗೇನೂ ಬರಲ್ಲ ಅಂದುಕೊಳ್ಳುತ್ತಾರೆ. ಆದರೆ ನಿಮ್ಮ ಅಥವಾ ನಿಮ್ಮ ಹೆಂಡತಿಯ ಹೆಸರಲ್ಲಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಫ್ಲ್ಯಾಟ್ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಪ್ರಪಂಚದಲ್ಲಿ ಎಲ್ಲೇ ಆಗಲಿ, 40,000 ಪೌಂಡ್ ಅಥವಾ ಜಾಸ್ತಿ ಬೆಲೆಯ ಮನೆ ಇದ್ದರೆ, ಇದು ಎರಡನೇ ಮನೆ. 2024ರ ಅಕ್ಟೋಬರ್ 31ರಿಂದ ಅದಕ್ಕೆ ಶೇಕಡ 5 ಹೆಚ್ಚುವರಿ. 1,10,000 ಪೌಂಡಿನ ಮನೆಗೆ 5,500 ಪೌಂಡ್ ಆಯಿತು. ಖಾಲಿ ಸೈಟು ಲೆಕ್ಕಕ್ಕಿಲ್ಲ. ಅಪ್ಪನಿಂದ ಬಂದ ಮನೆಯಲ್ಲಿ ಪಾಲಿದ್ದರೆ ಅದನ್ನೂ ಮುಚ್ಚಿಡದೆ ಸಾಲಿಸಿಟರ್‌ಗೆ ಹೇಳಿ.

ಇನ್ನೊಂದು. ನಮ್ಮಲ್ಲಿ ಮುಂಗಡ ಕೊಟ್ಟು ಕರಾರು ಮಾಡಿಕೊಂಡರೆ ಮನಸ್ಸಿಗೆ ಧೈರ್ಯ. ಇಲ್ಲಿ ಆಫರ್ ಒಪ್ಪಿಕೊಂಡರು ಅಂದರೆ ಬರೀ ಮಾತು. ಕಾಂಟ್ರಾಕ್ಟ್ ಎಕ್ಸ್‌ಚೇಂಜ್, ಅಂದರೆ ಎರಡೂ ಕಡೆಯವರು ಸಹಿ ಮಾಡಿದ ಕರಾರು ಬದಲಾಯಿಸಿಕೊಳ್ಳುವುದು, ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು. ಅಲ್ಲಿಯವರೆಗೆ ಬಾಡಿಗೆ ಮನೆಗೆ ನೋಟಿಸ್ ಕೊಡಬೇಡಿ.

ಬೀದಿಯನ್ನು ನೋಡುವುದಕ್ಕೆ ನಿಮ್ಮ ಕಾಲೇ ಸಾಕು. ಒಂದು ಶುಕ್ರವಾರ ರಾತ್ರಿ ಹೋಗಿ, ಒಂದು ಮಳೆಯ ದಿನ ಹೋಗಿ. ಎಷ್ಟು ಕಿಟಕಿಗೆ ಹಲಗೆ ಹೊಡೆದಿದ್ದಾರೆ, ಹಿಂದಿನ ಓಣಿಯಲ್ಲಿ ಹಾಸಿಗೆ ಬಿಸಾಡಿದ್ದಾರಾ ನೋಡಿ. ಎರಡು ಬೀದಿ ಅಂತರದಲ್ಲಿ ಊರೇ ಬೇರೆ ಅನ್ನಿಸಬಹುದು. ಪೊಲೀಸರ ವೆಬ್‌ಸೈಟ್‌ನಲ್ಲಿ ಬೀದಿವಾರು ಅಪರಾಧದ ಮ್ಯಾಪ್ ಪುಕ್ಕಟೆ ಸಿಗುತ್ತದೆ. ಅಕ್ಕಪಕ್ಕದವರನ್ನು ಮಾತಾಡಿಸಿ. ಇಲ್ಲಿನ ಜನ ಗುರುತಿಲ್ಲದವರನ್ನೂ "ಡಕ್" ಅಂತ ಕರೆಯುತ್ತಾರೆ, ನಮ್ಮಲ್ಲಿ ಪುಟ್ಟಾ ಅಂದ ಹಾಗೆ. ಹೋಟೆಲಿನಲ್ಲಿ ತಟ್ಟೆ ತಿರುಗಿಸಿ ಕೆಳಗಿನ ಕಾರ್ಖಾನೆ ಮುದ್ರೆ ನೋಡುವವರು ಕಂಡರೆ ಸ್ಟೋಕ್‌ನವರೇ ಅಂದುಕೊಳ್ಳಿ. ನಮ್ಮ ಪಕ್ಕದ ಮನೆಯ ಅಜ್ಜಿ ಈಗಲೂ ನಮ್ಮ ಸ್ಟೀಲ್ ತಟ್ಟೆಯನ್ನೂ ತಿರುಗಿಸುತ್ತಾರೆ. ಪಿಂಗಾಣಿಗೆ ಬಣ್ಣ ಬಳಿಯುತ್ತಿದ್ದ ಕೈ ಅದು.

ಬೆಲೆ ಏರುತ್ತಾ? ಲಂಡನ್ ಥರ ಏರಲಿ ಅನ್ನುವ ಆಸೆ ಇದ್ದರೆ ಬೇಡ. ಆದರೆ ಆಸ್ಪತ್ರೆ ಇಲ್ಲೇ ಇರುತ್ತದೆ, ನಿಮ್ಮಾಕೆ ನೈಟ್ ಡ್ಯೂಟಿ ಮುಗಿಸಿ ಬೇಗ ಮನೆ ಸೇರಬಹುದು, ಸಾಲದ ಕಂತು ಬಾಡಿಗೆಗಿಂತ ಕಡಿಮೆಯೂ ಆಗಬಹುದು. ನನಗೆ ಅದು ಸಣ್ಣ ವಿಷಯ ಅನ್ನಿಸುವುದಿಲ್ಲ.

ನಿಮ್ಮ ತಮ್ಮನನ್ನು ಒಂದು ಶನಿವಾರ ಕರೆಸಿಕೊಳ್ಳಿ. ಯೂಸ್ಟನ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆ. ಓಟ್‌ಕೇಕ್ ತಿನ್ನಿಸಿ, ಓಟ್ಸ್ ಹಿಟ್ಟು ಹುದುಗು ಬರಿಸಿ ಕಾವಲಿ ಮೇಲೆ ಹುಯ್ಯುವ, ನಮ್ಮ ಮೆತ್ತನೆ ದೋಸೆಯ ಥರದ್ದು. ಅಂಗಡಿಗಳು ಮಧ್ಯಾಹ್ನಕ್ಕೆಲ್ಲ ಮುಚ್ಚಿಬಿಡುತ್ತವೆ, ಬೆಳಗಿನ ರೈಲಿಗೇ ಬರಲಿ.