ಲ್ಯುಕೇಮಿಯಾಗೆ ಔಷಧ ಕೊಟ್ಟ ಗಿಡಗಳೆಲ್ಲ ವಿಷದ ಗಿಡಗಳೇ

ರಕ್ತದ ಕ್ಯಾನ್ಸರ್ ವಾರ್ಡಿನ ಫಾರ್ಮಸಿಸ್ಟ್ ಆಗಿ ನನಗೆ ಮುಖ್ಯವಾಗಿ ಎರಡು ಕೆಲಸ. ಕಿಮೊ ಔಷಧಗಳನ್ನು ಸರಿಯಾದ ಅಳತೆಯಲ್ಲಿ ಸಿದ್ಧ ಮಾಡುವುದು ಒಂದು. ರೋಗಿ ಮನೆಯಲ್ಲಿ ಇನ್ನೇನೇನು ತೆಗೆದುಕೊಳ್ಳುತ್ತಿದ್ದಾರೆ ಅಂತ ಕೇಳಿ ಬರೆದುಕೊಳ್ಳುವುದು ಇನ್ನೊಂದು. ಹಾಗೆ ಬರೆದುಕೊಳ್ಳುವಾಗ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ‘ಅದು ಬರೀ ಗಿಡಮೂಲಿಕೆ, ಅದರಿಂದ ಏನೂ ಆಗಲ್ಲ ಅಲ್ವಾ?’

ಎಷ್ಟೋ ಸಲ ಈ ಪ್ರಶ್ನೆ ಕೇಳುವಾಗ ಪಕ್ಕದಲ್ಲೇ ವಿನ್‌ಕ್ರಿಸ್ಟಿನ್ ಅನ್ನುವ ಕಿಮೊ ಔಷಧದ ಡ್ರಿಪ್ ಇಳಿಯುತ್ತಿರುತ್ತದೆ. ಅದೂ ಗಿಡದಿಂದಲೇ ಬಂದದ್ದು. ಅದು ರಕ್ತನಾಳಕ್ಕೆ ಮಾತ್ರ ಹೋಗಬೇಕು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಜೀವ ಉಳಿಯುವುದು ತೀರಾ ಅಪರೂಪ. ಇಂಥ ಸಾವುಗಳು ಮರುಕಳಿಸಿದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಕೆ ಹೊರಡಿಸಿತು. ಈ ಔಷಧವನ್ನು ಸಿರಿಂಜಿನಲ್ಲಿ ಕೊಡಬೇಡಿ, ಸಣ್ಣ ಚೀಲದಲ್ಲಿ ತೆಳುವಾಗಿಸಿ ಕೊಡಿ ಅಂತ ಹೇಳಿತು. ಚೀಲ ನೋಡಿದವರು ಅದನ್ನು ಬೆನ್ನಿಗೆ ಚುಚ್ಚಲು ಹೋಗುವುದಿಲ್ಲ ಅನ್ನುವುದೇ ಅದರ ಹಿಂದಿನ ಲೆಕ್ಕ.

ಗಿಡದ್ದು ಅಂದರೆ ಸೌಮ್ಯ ಅನ್ನುವ ನಂಬಿಕೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ವಿಷಯದಲ್ಲಿ ತಲೆಕೆಳಗು. ಈ ರೋಗದಲ್ಲಿ ನಿಜಕ್ಕೂ ಕೆಲಸ ಮಾಡಿರುವ ಸಸ್ಯದ ವಸ್ತುಗಳೆಲ್ಲ ವಿಷಗಳೇ. ಇಂಥ ವಸ್ತುಗಳಲ್ಲಿ ಹೆಚ್ಚಿನವನ್ನು ಗಿಡ ತಯಾರಿಸಿಕೊಳ್ಳುವುದು ತನ್ನನ್ನು ತಿನ್ನಲು ಬರುವ ಹುಳ, ಪ್ರಾಣಿಗಳಿಂದ ತಪ್ಪಿಸಿಕೊಳ್ಳಲು. ವಿಜ್ಞಾನಿಗಳ ಕಷ್ಟವೆಲ್ಲ ಆಮೇಲೆ ಶುರುವಾಗುತ್ತದೆ. ಆ ವಿಷವನ್ನು ಎಷ್ಟು, ಯಾವ ದಾರಿಯಲ್ಲಿ, ಎಷ್ಟು ಹೊತ್ತು ಕೊಟ್ಟರೆ ಲ್ಯುಕೇಮಿಯಾ ಕೋಶ ಸತ್ತು ಮನುಷ್ಯ ಉಳಿಯುತ್ತಾನೆ? ಇದನ್ನು ಕಂಡುಹಿಡಿಯಲು ಎಷ್ಟೋ ವರ್ಷ ಬೇಕಾಗುತ್ತದೆ.

ವಿನ್‌ಕ್ರಿಸ್ಟಿನ್ ಬಂದದ್ದು ನಿತ್ಯಪುಷ್ಪದ ಗಿಡದಿಂದ. ಕಾಶಿ ಕಣಗಿಲೆ ಅಂತಲೂ ಕರೆಯುತ್ತಾರೆ. ಮೂಲ ಮಡಗಾಸ್ಕರ್. ಇದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅನ್ನುವ ನಂಬಿಕೆ ಹಲವು ದೇಶಗಳಲ್ಲಿತ್ತು. 1952ರಲ್ಲಿ ಜಮೈಕಾದಿಂದ ಕೆನಡಾದ ವೈದ್ಯರೊಬ್ಬರಿಗೆ ಈ ಎಲೆ ಬಂತು. ಅವರು ಅದನ್ನು ಸಂಶೋಧಕನಾಗಿದ್ದ ತಮ್ಮ ಸಹೋದರ ರಾಬರ್ಟ್ ನೋಬಲ್‌ಗೆ ಕೊಟ್ಟರು. ನೋಬಲ್ ಎಲೆಯ ಸಾರವನ್ನು ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟು ನೋಡಿದರು. ಸಕ್ಕರೆ ಇಳಿಯಲೇ ಇಲ್ಲ. ಚುಚ್ಚಿ ಕೊಟ್ಟಾಗ ಇಲಿಗಳು ಸೋಂಕು ತಗಲಿ ಸತ್ತವು. ಯಾಕೆ ಅಂತ ಹುಡುಕಿದರೆ ಬಿಳಿ ರಕ್ತಕಣಗಳು ಕುಸಿದಿದ್ದವು, ಮೂಳೆಯ ಮಜ್ಜೆ ಸೊರಗಿತ್ತು. ಬಿಳಿ ಕಣಗಳನ್ನು ಹೀಗೆ ಇಳಿಸುವ ವಸ್ತು, ಬಿಳಿ ಕಣಗಳು ಹುಚ್ಚೆದ್ದು ಬೆಳೆಯುವ ರೋಗಕ್ಕೆ ಯಾಕೆ ಆಗಬಾರದು? ನೋಬಲ್ ಮತ್ತು ರಸಾಯನ ವಿಜ್ಞಾನಿ ಚಾರ್ಲ್ಸ್ ಬಿಯರ್ ಸೇರಿ ಆ ವಸ್ತುವನ್ನು ಬೇರ್ಪಡಿಸಿದರು. 1958ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ಅದು ವಿನ್‌ಬ್ಲಾಸ್ಟಿನ್. ಅದೇ ಹೊತ್ತಿಗೆ ಇಲೈ ಲಿಲ್ಲಿ ಕಂಪನಿಯ ವಿಜ್ಞಾನಿಗಳೂ ಇದೇ ಗಿಡದ ಹಿಂದೆ ಬಿದ್ದಿದ್ದರು. ಅವರ ಲ್ಯಾಬ್‌ನಿಂದ ವಿನ್‌ಕ್ರಿಸ್ಟಿನ್ ಬಂತು, 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಈ ಕತೆಯಲ್ಲಿ ಜನ ಗಮನಿಸದ ಒಂದು ವಿಷಯವಿದೆ. ಬಿಳಿ ಕಣಗಳ ಕುಸಿತ ಎದ್ದು ಕಂಡದ್ದು ಚುಚ್ಚಿ ಕೊಟ್ಟಾಗ. ‘ಆ ಗಿಡದ ಎಲೆ ಕುದಿಸಿ ಕುಡಿದರೆ ಆಗಲ್ವಾ?’ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಎರಡನೆಯದು ಪ್ರಮಾಣ. ಒಂದೇ ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ರೋಗಿಗೆ ಕೊಡುವುದೋ ದೇಹದ ಮೇಲ್ಮೈ ವಿಸ್ತೀರ್ಣ ಲೆಕ್ಕ ಹಾಕಿ ಚದರ ಮೀಟರಿಗೆ ಸುಮಾರು 1.5 ಮಿಲಿಗ್ರಾಂ. ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ದಾಟುವುದಿಲ್ಲ. ದಾಟಿದರೆ ನರಗಳು ಕೆಡುತ್ತವೆ. ಮೂರನೆಯದು, ಆ ಎಲೆಯಲ್ಲಿ ಆಲ್ಕಲಾಯ್ಡ್ ಅನ್ನುವ ಜಾತಿಯ ರಾಸಾಯನಿಕಗಳು ನೂರಕ್ಕೂ ಜಾಸ್ತಿ ಇವೆ. ಕಷಾಯದಲ್ಲಿ ಯಾವುದು ಎಷ್ಟು ಇಳಿಯಿತು ಅಂತ ಹೇಳುವವರು ಯಾರು?

ಈ ಎರಡು ಔಷಧಗಳ ಅಣುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಅಷ್ಟು ದೊಡ್ಡ ಅಣುವಿನಲ್ಲಿ ವ್ಯತ್ಯಾಸ ಒಂದೇ ಜಾಗದಲ್ಲಿ. ವಿನ್‌ಬ್ಲಾಸ್ಟಿನ್‌ನಲ್ಲಿ ಮೀಥೈಲ್ ಗುಂಪು ಇರುವ ಕಡೆ ವಿನ್‌ಕ್ರಿಸ್ಟಿನ್‌ನಲ್ಲಿ ಫಾರ್ಮೈಲ್ ಗುಂಪು ಇದೆ, ಅಷ್ಟೇ. ಎರಡೂ ಟ್ಯುಬುಲಿನ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡು ಕೋಶ ಎರಡಾಗಿ ಒಡೆಯುವುದನ್ನು ತಡೆಯುತ್ತವೆ. ಆದರೆ ಒಂದು ಹೆಚ್ಚಾಗಿ ಮಜ್ಜೆಯನ್ನು ಕಾಡಿದರೆ ಇನ್ನೊಂದು ನರಗಳನ್ನು ಕಾಡುತ್ತದೆ. ಮಜ್ಜೆಯನ್ನು ಅಷ್ಟಾಗಿ ಕಾಡದ ವಿನ್‌ಕ್ರಿಸ್ಟಿನ್, ಮಕ್ಕಳಿಗೆ ಬರುವ ಲಿಂಫೋಬ್ಲಾಸ್ಟಿಕ್ ಅನ್ನುವ ಬಗೆಯ ಲ್ಯುಕೇಮಿಯಾದಲ್ಲಿ ಇತರ ಔಷಧಗಳ ಜೊತೆ ಇವತ್ತಿಗೂ ಆಧಾರಸ್ತಂಭ. 1960ರ ದಶಕದ ಆರಂಭದಲ್ಲಿ ಈ ರೋಗ ಬಂದ ಮಕ್ಕಳಲ್ಲಿ ಉಳಿಯುವವರು ಬೆರಳೆಣಿಕೆಯಷ್ಟು. ಈಗ ಒಳ್ಳೆಯ ಸೌಲಭ್ಯ ಇರುವ ಕಡೆ ನೂರಕ್ಕೆ ಸುಮಾರು 90 ಮಕ್ಕಳು ಐದು ವರ್ಷ ದಾಟುತ್ತಾರೆ. ಇದು ಒಂದು ಗಿಡದ ಸಾಧನೆ ಅಲ್ಲ. ಹಲವು ಔಷಧಗಳನ್ನು ಸೇರಿಸಿ ಕೊಟ್ಟು, ಒಂದೊಂದು ಬದಲಾವಣೆಯನ್ನೂ ಪರೀಕ್ಷಿಸಿ ಪಡೆದ ಫಲ. ಆದರೆ ಆ ಸಾಲಿನಲ್ಲಿ ನಿತ್ಯಪುಷ್ಪಕ್ಕೆ ದೊಡ್ಡ ಜಾಗವಿದೆ.

ಎಟೊಪೊಸೈಡ್ ಅನ್ನುವ ಇನ್ನೊಂದು ಕಿಮೊ ಔಷಧದ ಹಾದಿ ಇನ್ನೂ ವಿಚಿತ್ರ. ಅದರ ಮೂಲ ಪೊಡೊಫಿಲೊಟಾಕ್ಸಿನ್. ಉತ್ತರ ಅಮೆರಿಕದ ಮೇಆಪಲ್ ಗಿಡದಲ್ಲೂ ಹಿಮಾಲಯದ ಅದರ ಬಂಧುವಿನಲ್ಲೂ ಇದೆ. ಗಿಡದಲ್ಲಿದ್ದ ಹಾಗೇ ಕೊಟ್ಟರೆ ಮನುಷ್ಯ ತಡೆದುಕೊಳ್ಳಲಾರ. ಹಾಗಾಗಿ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ವಿಜ್ಞಾನಿಗಳು ಅದಕ್ಕೆ ಸಕ್ಕರೆಯ ಅಣು ಜೋಡಿಸಿ ರೂಪ ಬದಲಿಸಿದರು. ಬದಲಿಸಿದ ಮೇಲೆ ಅದು ಕೆಲಸ ಮಾಡುವ ರೀತಿಯೇ ಬೇರೆಯಾಯಿತು! ಗಿಡದ ವಸ್ತು ಟ್ಯುಬುಲಿನ್ ಹಿಡಿಯುತ್ತಿತ್ತು. ಹೊಸ ಔಷಧ ಟೋಪೊಐಸೋಮರೇಸ್-2 ಅನ್ನುವ ಕಿಣ್ವವನ್ನು ಸಿಕ್ಕಿಹಾಕಿಸಿ ಡಿಎನ್‌ಎ ತುಂಡಾಗಿಸುತ್ತದೆ. ಅಂದರೆ ಗಿಡದಲ್ಲಿ ಇಲ್ಲದ ಗುಣ ಔಷಧದಲ್ಲಿ ಬಂತು. ಅದೇ ಗುಣಕ್ಕೆ ಕೆಟ್ಟ ಮುಖವೂ ಇದೆ. ಎಟೊಪೊಸೈಡ್ ಪಡೆದ ಕೆಲವರಲ್ಲಿ, ಸಾಮಾನ್ಯವಾಗಿ ಎರಡು ಮೂರು ವರ್ಷಗಳ ಒಳಗೆ, ಹೊಸದಾಗಿ ಮೈಲಾಯ್ಡ್ ಅನ್ನುವ ಬಗೆಯ ಲ್ಯುಕೇಮಿಯಾ ಹುಟ್ಟಿಕೊಳ್ಳುತ್ತದೆ. ಲ್ಯುಕೇಮಿಯಾ ಕೊಲ್ಲುವ ಔಷಧದಿಂದಲೇ ಲ್ಯುಕೇಮಿಯಾ. ಇದು ಗೊತ್ತಾದದ್ದು ಔಷಧ ಪಡೆದವರನ್ನು ವರ್ಷಗಟ್ಟಲೆ ಬಿಡದೆ ಗಮನಿಸಿದ್ದರಿಂದ. ಬಾಟಲಿಯಲ್ಲಿ ಮಾರುವ ಗಿಡಮೂಲಿಕೆ ಪುಡಿ ತೆಗೆದುಕೊಂಡವರನ್ನು ಹಾಗೆ ಗಮನಿಸುವವರು ಯಾರೂ ಇರುವುದಿಲ್ಲ. ‘ಅಡ್ಡಪರಿಣಾಮ ಇಲ್ಲ’ ಅಂತ ಲೇಬಲ್ ಮೇಲೆ ಬರೆದಿದ್ದರೆ, ಯಾರೂ ನೋಡಿಲ್ಲ ಅನ್ನುವುದಷ್ಟೇ ಎಷ್ಟೋ ಸಲ ಅದರ ಅರ್ಥ.

ಸೆಫಲೊಟಾಕ್ಸಸ್ ಮರದ ಹೊಮೊಹ್ಯಾರಿಂಗ್ಟೋನಿನ್ ಇನ್ನೊಂದು. ಚೀನಾದಲ್ಲಿ 1970ರ ದಶಕದಿಂದ ಬಳಕೆಯಲ್ಲಿದೆ. ಅಮೆರಿಕದಲ್ಲಿ ಒಮಸೆಟಾಕ್ಸಿನ್ ಹೆಸರಿನಲ್ಲಿ 2012ರಲ್ಲಿ ಅನುಮತಿ ಪಡೆಯಿತು. ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾಗೆ ಎರಡು ಅಥವಾ ಹೆಚ್ಚು ಆಧುನಿಕ ಮಾತ್ರೆಗಳು ಕೈಕೊಟ್ಟ ಮೇಲೆ ಕೊಡುವಂಥದ್ದು.

ಇನ್ನು ಪತ್ರಿಕೆಗಳಲ್ಲಿ ಬರುವ ಸುದ್ದಿಗಳ ಬಗ್ಗೆ. ‘ಇಂಥ ಗಿಡದ ಸಾರ ಲ್ಯುಕೇಮಿಯಾ ಕೋಶಗಳನ್ನು ಕೊಂದಿತು’ ಅಂತ ಓದಿದಾಗ ಅದು ಸುಳ್ಳಲ್ಲ, ಆದರೆ ಕೊಂದದ್ದು ಬಹುತೇಕ ಲ್ಯಾಬಿನ ಗಾಜಿನ ತಟ್ಟೆಯಲ್ಲಿ. ತಟ್ಟೆಯಿಂದ ರೋಗಿಯವರೆಗೆ ಎಷ್ಟು ದೂರ ಅಂತ ತಿಳಿಯಲು ಫ್ಲೇವೊಪಿರಿಡಾಲ್ ನೋಡಿ. ಭಾರತದ ಕಾಡಿನ ಒಂದು ಮರದಲ್ಲಿರುವ ರೋಹಿಟುಕಿನ್ ಅನ್ನು ಆಧಾರವಾಗಿಟ್ಟುಕೊಂಡು ಹೂಕ್ಸ್ಟ್ ಕಂಪನಿಯ ಮುಂಬೈ ಲ್ಯಾಬ್‌ನಲ್ಲಿ ರೂಪುಗೊಂಡ ಅಣು ಇದು. ತಟ್ಟೆಯಲ್ಲಿ ಚೆನ್ನಾಗಿ ಕೊಂದಿತು. ರೋಗಿಗಳಿಗೆ ಗಂಟೆಗಟ್ಟಲೆ ನಿಧಾನವಾಗಿ ಇಳಿಸಿದಾಗ ಹೆಚ್ಚೇನೂ ಆಗಲಿಲ್ಲ. ಕಾರಣ ಸಿಕ್ಕಿದ್ದು ಆಮೇಲೆ. ತಟ್ಟೆಯಲ್ಲಿ ಕೋಶಗಳನ್ನು ಬೆಳೆಸಲು ಹಾಕಿದ್ದು ಕರುವಿನ ಸೀರಂ, ಅಂದರೆ ರಕ್ತದ ತಿಳಿ ದ್ರವ. ಮನುಷ್ಯರ ರಕ್ತದ ಪ್ರೋಟೀನುಗಳಿಗೆ ಈ ಔಷಧ ಅದಕ್ಕಿಂತ ಜಾಸ್ತಿ ಅಂಟಿಕೊಳ್ಳುತ್ತಿತ್ತು. ಹಾಗೆ ಅಂಟಿಕೊಂಡದ್ದು ಕೋಶಕ್ಕೆ ಸಿಗುವುದಿಲ್ಲ. ಆಗ ಅಮೆರಿಕದ ಓಹಾಯೋದ ವೈದ್ಯರು ಕೊಡುವ ಕ್ರಮ ಬದಲಿಸಿದರು. ಮೊದಲು ಅರ್ಧ ಗಂಟೆಯಲ್ಲಿ ಒಂದಷ್ಟು, ಆಮೇಲೆ ನಾಲ್ಕು ಗಂಟೆಯಲ್ಲಿ ಉಳಿದದ್ದು. ದೀರ್ಘಕಾಲದ ಲಿಂಫೋಸೈಟಿಕ್ ಲ್ಯುಕೇಮಿಯಾ ಇದ್ದ ಕೆಲವರಲ್ಲಿ ಕೋಶಗಳು ಎಷ್ಟು ಬೇಗ ಸತ್ತವೆಂದರೆ, ಸತ್ತ ಕೋಶಗಳಿಂದ ಹೊರಬಿದ್ದ ಪೊಟ್ಯಾಸಿಯಂ ಮತ್ತಿತರ ವಸ್ತುಗಳಿಂದಲೇ ಜೀವಕ್ಕೆ ಅಪಾಯ ಬಂತು. ಡಯಾಲಿಸಿಸ್ ಬೇಕಾಯಿತು. ಒಂದೇ ಅಣು, ಕೊಡುವ ವೇಗ ಬದಲಾದಾಗ ಪರಿಣಾಮವೇ ಬದಲಾಯಿತು. ಇಷ್ಟೆಲ್ಲ ಆಗಿಯೂ ಅದು ಅನುಮತಿ ಪಡೆದ ಔಷಧವಾಗಲಿಲ್ಲ.

ಅರಿಶಿನದ ಕರ್ಕ್ಯುಮಿನ್ ಬಗ್ಗೆ ಕೇಳದವರೇ ಇಲ್ಲ. ಲ್ಯಾಬ್‌ನಲ್ಲಿ ಲ್ಯುಕೇಮಿಯಾ ಕೋಶಗಳ ಮೇಲೆ ಅದನ್ನು ಸಾಮಾನ್ಯವಾಗಿ ಹತ್ತಾರು ಮೈಕ್ರೋಮೋಲಾರ್ ಸಾಂದ್ರತೆಯಲ್ಲಿ ಬಳಸುತ್ತಾರೆ. ಮನುಷ್ಯರು ದಿನಕ್ಕೆ 8 ಗ್ರಾಂ ನುಂಗಿದಾಗಲೂ ರಕ್ತದಲ್ಲಿ ಸಿಕ್ಕಿದ್ದು ಹೆಚ್ಚೆಂದರೆ 2 ಮೈಕ್ರೋಮೋಲಾರ್ ಆಸುಪಾಸು. ಎಷ್ಟೋ ಅಧ್ಯಯನಗಳಲ್ಲಿ ಅಷ್ಟೂ ಇಲ್ಲ. ಕರುಳು ಹೀರಿಕೊಳ್ಳುವುದು ಕಡಿಮೆ, ಹೀರಿದ್ದನ್ನು ಲಿವರ್ ಬೇಗ ಹೊರಗೆ ಹಾಕುತ್ತದೆ. ಇದಕ್ಕೆ ಪರಿಹಾರ ಅಂತ ಕರಿಮೆಣಸಿನ ಪೈಪರಿನ್ ಸೇರಿಸಿದ ಮಾತ್ರೆಗಳು ಬಂದಿವೆ. ಪೈಪರಿನ್ ಲಿವರಿನ ಕೆಲಸವನ್ನು ಸ್ವಲ್ಪ ತಡೆಯುತ್ತದೆ, ಅದರಿಂದಲೇ ಕರ್ಕ್ಯುಮಿನ್ ಉಳಿಯುವುದು. ಆದರೆ ಕಿಮೊ ಔಷಧಗಳನ್ನು ಹೊರಹಾಕಬೇಕಾದ್ದೂ ಅದೇ ಲಿವರ್. ಇಂಥ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ಅಡುಗೆಯ ಅರಿಶಿನಕ್ಕೆ ನಾನು ಯಾವತ್ತೂ ಬೇಡ ಅಂದಿಲ್ಲ. ಮಾತ್ರೆಗೆ ಮಾತ್ರ ಬೇಡ ಅನ್ನುತ್ತೇನೆ.

ಗ್ರೀನ್ ಟೀ ಸಾರದ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕಾದ್ದಿದೆ. ಅಮೆರಿಕದ ಮೇಯೊ ಕ್ಲಿನಿಕ್ ಅದನ್ನು ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷಿಸಿತು. ಚಿಕಿತ್ಸೆ ಇನ್ನೂ ಬೇಡದ, ಆರಂಭದ ಹಂತದ ಲಿಂಫೋಸೈಟಿಕ್ ಲ್ಯುಕೇಮಿಯಾ ರೋಗಿಗಳಿಗೆ ದಿನಕ್ಕೆರಡು ಸಲ 2 ಗ್ರಾಂ ಸಾರ ಕೊಟ್ಟರು. ಸುಮಾರು ಮೂರನೇ ಒಂದು ಭಾಗ ಜನರಲ್ಲಿ ಬಿಳಿ ಕಣಗಳ ಎಣಿಕೆ ಸ್ವಲ್ಪ ಇಳಿಯಿತು. ಆಸೆ ಹುಟ್ಟಿಸುವ ಫಲಿತಾಂಶವೇ. ಆದರೆ ಹೋಲಿಸಿ ನೋಡಲು ಸಾರ ತೆಗೆದುಕೊಳ್ಳದ ಗುಂಪು ಇರಲಿಲ್ಲ, ಆಯಸ್ಸು ಹೆಚ್ಚಿತು ಅಂತ ತೋರಿಸಲು ಅದರಿಂದ ಆಗುವುದಿಲ್ಲ. ಚಹಾ ಕುಡಿಯುವುದಕ್ಕೂ ಈ ಪ್ರಮಾಣದ ಸಾರಕ್ಕೂ ಸಂಬಂಧವಿಲ್ಲ. ಗಟ್ಟಿ ಸಾರ ಲಿವರಿಗೆ ಪೆಟ್ಟು ಕೊಡಬಲ್ಲದು.

ಸಾಂಪ್ರದಾಯಿಕ ಮದ್ದಿನಿಂದ ನಿಜಕ್ಕೂ ದೊಡ್ಡ ಗೆಲುವು ಬಂದದ್ದು ಒಂದು ಕಡೆ. ಅದು ಗಿಡದಿಂದಲ್ಲ, ಖನಿಜದಿಂದ. 1970ರ ದಶಕದಲ್ಲಿ ಚೀನಾದ ಹಾರ್ಬಿನ್‌ನಲ್ಲಿ ಝಾಂಗ್ ಟಿಂಗ್‌ಡಾಂಗ್ ಮತ್ತು ಸಂಗಡಿಗರು ಒಂದು ನಾಟಿ ಮದ್ದನ್ನು ಪರೀಕ್ಷಿಸಿದರು. ಅದರಲ್ಲಿ ಆರ್ಸೆನಿಕ್, ಪಾದರಸ, ಕಪ್ಪೆಯ ವಿಷ ಇದ್ದವು. ಯಾವುದು ಕೆಲಸ ಮಾಡುತ್ತಿದೆ ಅಂತ ಒಂದೊಂದನ್ನೇ ಬೇರೆ ಮಾಡಿ ನೋಡಿದರು. ಉಳಿದದ್ದು ಆರ್ಸೆನಿಕ್ ಮಾತ್ರ. ಎಲ್ಲ ಲ್ಯುಕೇಮಿಯಾಗೂ ಅಲ್ಲ, ಪ್ರೋಮೈಲೋಸೈಟಿಕ್ ಅನ್ನುವ ಒಂದು ಬಗೆಗೆ. ಶಾಂಘೈನಲ್ಲಿ ವಾಂಗ್ ಝೆನ್‌ಯಿ 1985ರಲ್ಲಿ ಅದೇ ಬಗೆಗೆ ವಿಟಮಿನ್ ಎ ವಂಶದ ರೆಟಿನೋಯಿಕ್ ಆಸಿಡ್ ಕೊಟ್ಟು ಗೆದ್ದರು. ಈ ಎರಡನ್ನೂ ಜೊತೆಯಲ್ಲಿ ಕೊಟ್ಟ ಪರೀಕ್ಷೆಯ ಫಲಿತಾಂಶ 2013ರಲ್ಲಿ ಬಂತು. ಅಪಾಯ ತೀರಾ ಹೆಚ್ಚಿಲ್ಲದ ರೋಗಿಗಳಲ್ಲಿ ಎರಡು ವರ್ಷದ ನಂತರ ರೋಗ ಮರುಕಳಿಸದೆ ಚೆನ್ನಾಗಿದ್ದವರು ಶೇ 97. ರೆಟಿನೋಯಿಕ್ ಆಸಿಡ್ ಜೊತೆ ಕಿಮೊ ಪಡೆದವರಲ್ಲಿ ಶೇ 86. ಹಿಂದೆ ರಕ್ತಸ್ರಾವದಿಂದ ದಿನಗಳಲ್ಲೇ ಕೊಲ್ಲುತ್ತಿದ್ದ ರೋಗ ಇದು! ಇದನ್ನು ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ. ಜೊತೆಗೇ ಹೇಳಲೇಬೇಕು: ಈ ಆರ್ಸೆನಿಕ್ ಕೊಡುವಾಗ ಪದೇ ಪದೇ ಇಸಿಜಿ ನೋಡುತ್ತಾರೆ, ಪೊಟ್ಯಾಸಿಯಂ ನೋಡುತ್ತಾರೆ. ಹೃದಯದ ಬಡಿತ ತಪ್ಪಿಸುವ ಶಕ್ತಿ ಅದಕ್ಕಿದೆ. ಲೆಕ್ಕವಿಲ್ಲದ ಆರ್ಸೆನಿಕ್ ಇರುವ ಪುಡಿ ತಿಂದರೆ ಆಗುವುದು ವಿಷಪ್ರಾಶನ ಮಾತ್ರ.

ದಿನನಿತ್ಯ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಔಷಧಗಳ ನಡುವಿನ ತಿಕ್ಕಾಟ. ಲ್ಯುಕೇಮಿಯಾಗೆ ಕೊಡುವ ವಿನ್‌ಕ್ರಿಸ್ಟಿನ್, ಇಮಾಟಿನಿಬ್, ವೆನೆಟೊಕ್ಲಾಕ್ಸ್, ಇಬ್ರುಟಿನಿಬ್ ಎಲ್ಲವನ್ನೂ ಲಿವರಿನ ಸಿವೈಪಿ3ಎ4 ಅನ್ನುವ ಕಿಣ್ವ ಕರಗಿಸುತ್ತದೆ. ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಅನ್ನುವ ಮೂಲಿಕೆ ಆ ಕಿಣ್ವವನ್ನು ಚುರುಕಾಗಿಸುತ್ತದೆ. ಎರಡು ವಾರ ಅದನ್ನು ತೆಗೆದುಕೊಂಡ ಆರೋಗ್ಯವಂತರಲ್ಲಿ ಇಮಾಟಿನಿಬ್‌ನ ಪ್ರಮಾಣ ಸುಮಾರು ಶೇ 30ರಷ್ಟು ಇಳಿಯಿತು. ರೋಗಿ ಮಾತ್ರೆ ತಪ್ಪಿಸಿಲ್ಲ, ಆದರೂ ರೋಗ ಹತೋಟಿ ತಪ್ಪಬಹುದು. ಗ್ರೇಪ್‌ಫ್ರೂಟ್ ಹಣ್ಣು ಇದಕ್ಕೆ ಉಲ್ಟಾ. ಕಿಣ್ವವನ್ನು ತಡೆಯುತ್ತದೆ, ಔಷಧ ರಕ್ತದಲ್ಲಿ ಏರುತ್ತದೆ. ಬಿಳಿ ಕಣಗಳು ತೀರಾ ಕಡಿಮೆ ಇರುವಾಗ ಒಣ ಬೇರು, ಎಲೆ, ಪುಡಿಗಳಲ್ಲಿರುವ ಶಿಲೀಂಧ್ರವೇ ಸೋಂಕು ತರಬಹುದು. ಆ ಸೋಂಕಿಗೆ ಕೊಡುವ ವೊರಿಕೊನಜೋಲ್‌ನಂಥ ಔಷಧ ಮತ್ತೆ ಅದೇ ಕಿಣ್ವವನ್ನು ತಡೆದು ವಿನ್‌ಕ್ರಿಸ್ಟಿನ್‌ನ ನರದ ತೊಂದರೆ ಹೆಚ್ಚಿಸುತ್ತದೆ.

ಹಾಗಾಗಿ ಮೂಲಿಕೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಮುಚ್ಚಿಡಬೇಡಿ. ಯಾರೂ ಬೈಯುವುದಿಲ್ಲ, ಬೈದರೆ ಅದು ಅವರ ತಪ್ಪು. ಹೆಸರು ಹೇಳಿದರೆ ಸಾಲದು, ಬಾಟಲಿ ಅಥವಾ ಪೊಟ್ಟಣವನ್ನೇ ತನ್ನಿ. ಯಾವಾಗ ಶುರು ಮಾಡಿದಿರಿ, ದಿನಕ್ಕೆಷ್ಟು ಅಂತ ಹೇಳಿ. ನಿಲ್ಲಿಸಿದ್ದರೆ ಅದನ್ನೂ ಹೇಳಿ. ಸೇಂಟ್ ಜಾನ್ಸ್ ವರ್ಟ್‌ನಂಥದ್ದರ ಪರಿಣಾಮ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಉಳಿಯಬಹುದು. ಆ ಅವಧಿಯಲ್ಲಿ ಕಿಮೊ ಮಾತ್ರೆಯ ಪ್ರಮಾಣ ಏನಿರಬೇಕು ಅಂತ ನಾವು ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ.