ಕ್ರೆಡಿಟ್ ಅಂದರೆ ಮಾರ್ಕ್ಸ್ ಅಲ್ಲ

ಪಿಯುಸಿ ರಿಸಲ್ಟ್ ಬಂದ ಮೇಲೆ ಕಲಬುರಗಿಯ ಸರ್ಕಲ್‌ಗಳಲ್ಲಿ ಅಡ್ಮಿಷನ್ ಬ್ಯಾನರ್‌ಗಳು ಏಳುತ್ತವೆ. ಈಚೆಗೆ ಸಿನಿಮಾ ಮತ್ತು ಡಿಜಿಟಲ್ ಮೀಡಿಯಾ ಪದವಿಯ ಬ್ಯಾನರ್ ಒಂದರಲ್ಲಿ ಮೂವರು ವಿದ್ಯಾರ್ಥಿಗಳ ಫೋಟೊ ಹಾಕಿ, 'ಅತಿ ಹೆಚ್ಚು ಕ್ರೆಡಿಟ್ ಗಳಿಸಿದ ನಮ್ಮ ಹೆಮ್ಮೆಯ ವಿದ್ಯಾರ್ಥಿಗಳು' ಎಂದು ಬರೆಸಿದ್ದರು. ಆ ಮೂವರಿಗೂ, ಅವರ ಜೊತೆ ಜಸ್ಟ್ ಪಾಸಾದ ಹಿಂದಿನ ಬೆಂಚಿನ ಹುಡುಗನಿಗೂ ಸಿಕ್ಕಿರುವುದು ಅಷ್ಟಷ್ಟೇ ಕ್ರೆಡಿಟ್. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಕ್ರೆಡಿಟ್ ಅಂದರೆ ಒಂದು ಕೋರ್ಸಿಗೆ ಇಟ್ಟ ಹೊತ್ತಿನ ಲೆಕ್ಕ, ಪಾಸಾದ ಎಲ್ಲರಿಗೂ ಒಂದೇ. ಬ್ಯಾನರ್ ಬರೆಸಿದವರಿಗಾದರೂ ಇದು ಗೊತ್ತಿರಬೇಕಿತ್ತು.

ಅಪ್ಪ-ಅಮ್ಮಂದಿರು ತಪ್ಪು ತಿಳಿದರೆ ನನಗೆ ಬೇಸರವಿಲ್ಲ. 'ನಮ್ಮ ಹುಡುಗಿಗಿ ಎಡಿಟಿಂಗ್‌ದಾಗ ಬರೇ ಎರಡು ಕ್ರೆಡಿಟ್ ಕೊಟ್ಟಾರ್ರಿ, ಇತಿಹಾಸದಾಗ ನಾಕು ಕೊಟ್ಟಾರ. ಎಡಿಟಿಂಗ್ ಛಲೋ ಮಾಡ್ತಾಳಲ್ರೀ ಆಕಿ?' ಎಂದು ಒಬ್ಬ ತಾಯಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಮಾರ್ಕ್ಸ್ ಕಾರ್ಡಿನಲ್ಲಿರುವ ಅಂಕಿ ಮಾರ್ಕ್ಸೇ ಇರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಕೋರ್ಸ್ ನಡೆಸುವವರೇ ಹೀಗೆ ಬರೆದರೆ ಸುಮ್ನೆ ಇರೋಕಾಗಲ್ಲ. ಈ ಒಂದು ಪದದ ಅರ್ಥ ತಪ್ಪಿದರೆ ಕೋರ್ಸ್ ಆರಿಸುವುದೇ ತಪ್ಪುತ್ತದೆ. ಕ್ಯಾಮೆರಾ ಹಿಡಿದು ಕಲಿಯಬೇಕಾದ ಕೋರ್ಸಿನಲ್ಲಂತೂ ಇನ್ನೂ ಜಾಸ್ತಿ.

ಪದದ ಮೂಲದಿಂದಲೇ ಶುರು ಮಾಡೋಣ. ಲ್ಯಾಟಿನ್ ಭಾಷೆಯಲ್ಲಿ 'ಕ್ರೇದೆರೆ' ಎಂದರೆ ನಂಬುವುದು. 'ಕ್ರೇದಿತುಮ್' ಎಂದರೆ ನಂಬಿ ಕೊಟ್ಟದ್ದು. ಅದು ಇಟಲಿ, ಫ್ರಾನ್ಸ್‌ಗಳ ವ್ಯಾಪಾರದ ಮಾತಿನಲ್ಲಿ ಓಡಾಡಿ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಈ ಪದಕ್ಕೆ ನಮ್ಮ ಮನೆಯಲ್ಲೇ ಒಬ್ಬ ಅಣ್ಣನಿದ್ದಾನೆ: ಶ್ರದ್ಧೆ. ಲ್ಯಾಟಿನ್ನಿನ 'ಕ್ರೇದೊ', ಸಂಸ್ಕೃತದ 'ಶ್ರದ್ಧಾ' ಎರಡೂ ಒಂದೇ ಹಳೆಯ ಬೇರಿನಿಂದ ಬಂದವು ಅನ್ನುವುದು ಭಾಷಾ ವಿದ್ವಾಂಸರು ಒಪ್ಪಿದ ಮಾತು. ಶ್ರದ್ಧಾ ಪದದಲ್ಲಿ ಎರಡು ತುಂಡುಗಳಿವೆ, ಶ್ರತ್ ಮತ್ತು ಧಾ. ಧಾ ಎಂದರೆ ಇಡು. ಕನ್ನಡದಲ್ಲೂ ನಾವು ನಂಬಿಕೆ ಇಡುತ್ತೇವೆ ಅಲ್ವಾ? ಹಾಗೆಯೇ.

ಇದು ಗೊತ್ತಾದರೆ ಇನ್ನೊಂದು ಗೊಂದಲವೂ ಬಿಡಿಸಿಕೊಳ್ಳುತ್ತದೆ. ಕಿರಾಣಿ ಅಂಗಡಿಯ ಉದ್ರಿಯೂ ಕ್ರೆಡಿಟ್. ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲವೂ ಕ್ರೆಡಿಟ್. ಖಾತೆಗೆ ದುಡ್ಡು ಜಮಾ ಆದಾಗ ಮೊಬೈಲಿಗೆ ಬರುವ ಮೆಸೇಜಿನಲ್ಲೂ 'ಕ್ರೆಡಿಟೆಡ್'. ಸಾಲಕ್ಕೂ ಜಮೆಗೂ ಒಂದೇ ಪದ ಯಾಕೆ? ಎರಡರಲ್ಲೂ ನಂಬಿಕೆಯೇ ಇದೆ, ದಿಕ್ಕು ಮಾತ್ರ ಬೇರೆ. ಉದ್ರಿಯಲ್ಲಿ ಅಂಗಡಿಯವನು ನಿಮ್ಮನ್ನು ನಂಬಿ ಸಾಮಾನು ಕೊಟ್ಟಿದ್ದಾನೆ. ಜಮೆಯಲ್ಲಿ ನೀವು ಬ್ಯಾಂಕನ್ನು ನಂಬಿ ದುಡ್ಡು ಇಟ್ಟಿದ್ದೀರಿ. ಯಾರು ಯಾರಿಗೆ ಕೊಡಬೇಕು ಅನ್ನುವುದು ಪುಸ್ತಕದಲ್ಲಿ ಬರೆದಿರುತ್ತದೆ. ಕಾಲೇಜಿನ ಕ್ರೆಡಿಟ್ಟು ಈ ಜಮೆಯ ಕಡೆಯದು. ಇಷ್ಟು ಹೊತ್ತು ಕೂತು ಕಲಿತಿದ್ದಾಳೆ, ಪರೀಕ್ಷೆ ದಾಟಿದ್ದಾಳೆ ಎಂದು ವಿಶ್ವವಿದ್ಯಾಲಯ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಮುಂದೆ ಬೇರೆ ವಿಶ್ವವಿದ್ಯಾಲಯ ಆ ಬರಹವನ್ನು ನಂಬಿ ಒಪ್ಪಿಕೊಳ್ಳುತ್ತದೆ. ಕ್ರೆಡಿಟ್ ಟ್ರಾನ್ಸ್‌ಫರ್ ಅನ್ನುವುದು ಅದನ್ನೇ.

'ಇಷ್ಟು ಹೊತ್ತು' ಅನ್ನುವ ಭಾಗವನ್ನೇ ಎಲ್ಲರೂ ಮರೆಯುವುದು. ಕ್ರೆಡಿಟ್ ಅಳೆಯುವುದು ಹೊತ್ತನ್ನು. ಇದರ ಹಿಂದೆ ಒಂದು ಕಥೆ ಇದೆ, ಮತ್ತು ಆ ಕಥೆ ಶುರುವಾಗುವುದು ಮೇಷ್ಟ್ರ ಪಿಂಚಣಿಯಿಂದ. ಅಮೆರಿಕದ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಕಾಲೇಜು ಅಧ್ಯಾಪಕರ ಪಿಂಚಣಿಗೆಂದು 1 ಕೋಟಿ ಡಾಲರ್ ಕೊಟ್ಟರು. ಯಾವ ಕಾಲೇಜಿಗೆ ಪಿಂಚಣಿ ಕೊಡಬೇಕು? ಆಗ ಕಾಲೇಜು ಯಾವುದು, ಹೈಸ್ಕೂಲು ಯಾವುದು ಅನ್ನುವುದೇ ಅಲ್ಲಿ ಸ್ಪಷ್ಟವಿರಲಿಲ್ಲ. ಅದಕ್ಕೆ ಕಾರ್ನೆಗಿ ಪ್ರತಿಷ್ಠಾನ ಒಂದು ಷರತ್ತು ಹಾಕಿತು. ಹೈಸ್ಕೂಲಿನಲ್ಲಿ 14 ಯೂನಿಟ್ ಓದಿದವರನ್ನು ಮಾತ್ರ ಸೇರಿಸಿಕೊಳ್ಳುವುದು ಕಾಲೇಜು. ಒಂದು ಯೂನಿಟ್ ಎಂದರೆ ವರ್ಷದಲ್ಲಿ ಒಂದು ವಿಷಯಕ್ಕೆ 120 ಗಂಟೆ ಪಾಠ. ಪಿಂಚಣಿ ಬೇಕಾದ ಕಾಲೇಜುಗಳು ಒಪ್ಪಿಕೊಂಡವು. ಈ ಗಂಟೆ ಲೆಕ್ಕವೇ ಕಾಲೇಜಿನ ಒಳಗೂ ಬೆಳೆದು ಕ್ರೆಡಿಟ್ ಅವರ್ ಆಯಿತು. ವಿದ್ಯಾರ್ಥಿಗೆ ಎಷ್ಟು ತಿಳಿದಿದೆ ಎಂದು ಅಳೆಯುವ ಉದ್ದೇಶ ಇದಕ್ಕೆ ಹುಟ್ಟಿನಿಂದಲೇ ಇರಲಿಲ್ಲ.

ನಮ್ಮಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಲೆಕ್ಕ ಸರಳವಾಗಿದೆ. ವಾರಕ್ಕೆ 1 ಗಂಟೆ ಪಾಠ, ಅಂದರೆ 15 ವಾರದ ಸೆಮಿಸ್ಟರಿಗೆ 15 ಗಂಟೆ, ಇದು 1 ಕ್ರೆಡಿಟ್. ಪ್ರಾಕ್ಟಿಕಲ್ ಆದರೆ ಅದೇ 1 ಕ್ರೆಡಿಟ್ಟಿಗೆ ವಾರಕ್ಕೆ 2 ಗಂಟೆ, ಸೆಮಿಸ್ಟರಿಗೆ 30 ಗಂಟೆ. 2022ರ ಡಿಸೆಂಬರಿನ ಯುಜಿಸಿ ಚೌಕಟ್ಟಿನಲ್ಲಿ 3 ವರ್ಷದ ಪದವಿಗೆ 120 ಕ್ರೆಡಿಟ್, 4 ವರ್ಷದ ಆನರ್ಸ್‌ಗೆ 160. ಕರ್ನಾಟಕ ಸರ್ಕಾರ 2021-22ರಲ್ಲಿ 4 ವರ್ಷದ ಪದ್ಧತಿ ತಂದು, 2024-25ರಿಂದ ಮತ್ತೆ 3 ವರ್ಷಕ್ಕೆ ಮರಳಿತು. ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ ಕೇಂದ್ರದ ನಿಯಮದ ಕೆಳಗೆ ಬರುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳು ರಾಜ್ಯದ ನಿಯಮದ ಕೆಳಗೆ ಬರುತ್ತವೆ. ಒಂದೇ ಜಿಲ್ಲೆಯಲ್ಲಿ ಎರಡು ಲೆಕ್ಕ. ಗೆಳೆಯನ ಕಾಲೇಜಿನ ಅಂಕಿಯನ್ನು ನಿಮ್ಮ ಕಾಲೇಜಿಗೆ ಅಂಟಿಸಬೇಡಿ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಎಪಿಎಂಸಿಯಲ್ಲಿ ತೊಗರಿ ಮಾರಿದವರಿಗೆ ಹೀಗೆ ಹೇಳಿದರೆ ಕೂಡಲೇ ತಿಳಿಯುತ್ತದೆ. ಎಷ್ಟು ಕ್ವಿಂಟಲ್ ಅನ್ನುವುದು ಬೇರೆ, ಕಾಳು ಎಂಥದ್ದು, ಅದಕ್ಕೆ ಏನು ದರ ಅನ್ನುವುದು ಬೇರೆ. ಕ್ರೆಡಿಟ್ ಕ್ವಿಂಟಲ್ ಇದ್ದ ಹಾಗೆ. ಎಷ್ಟು ಚೆನ್ನಾಗಿ ಮಾಡಿದ್ದೀರಿ ಎಂದು 10ಕ್ಕೆ ಕೊಡುವ ಗ್ರೇಡ್ ಪಾಯಿಂಟ್ ದರ ಇದ್ದ ಹಾಗೆ. ಎರಡನ್ನೂ ಗುಣಿಸಿದಾಗಲೇ ಪಟ್ಟಿಯ ಮೊತ್ತ ಸಿಗುವುದು. ಇತಿಹಾಸದ ಪತ್ರಿಕೆ 4 ಕ್ರೆಡಿಟ್ಟಿನದು, ಎಡಿಟಿಂಗ್ 2 ಕ್ರೆಡಿಟ್ಟಿನದು ಎಂದಿಟ್ಟುಕೊಳ್ಳಿ. ಮಗಳಿಗೆ ಇತಿಹಾಸದಲ್ಲಿ ಗ್ರೇಡ್ ಪಾಯಿಂಟ್ 8, ಎಡಿಟಿಂಗ್‌ನಲ್ಲಿ 10 ಬಂದಿದೆ. ನಾಲ್ಕೆಂಟ್ಲೆ 32, ಎರಡು ಹತ್ಲೆ 20, ಒಟ್ಟು 52. ಅದನ್ನು 6 ಕ್ರೆಡಿಟ್ಟಿನಿಂದ ಭಾಗಿಸಿದರೆ ಸರಾಸರಿ 8.67. ಇದೇ ತಿರುಗಾಮುರುಗಾ ಆಗಿ ಇತಿಹಾಸದಲ್ಲಿ 10, ಎಡಿಟಿಂಗ್‌ನಲ್ಲಿ 8 ಬಂದಿದ್ದರೆ 9.33 ಆಗುತ್ತಿತ್ತು. ಅವಳು ಎಡಿಟಿಂಗ್ ಚೆನ್ನಾಗಿ ಮಾಡಿದ್ದು ಆ 10ರಲ್ಲಿ ಕಾಣುತ್ತದೆ. ಕ್ರೆಡಿಟ್ಟಿನ 2 ಅವಳು ಸೇರುವ ಮೊದಲೇ ಸಿಲಬಸ್ಸಿನಲ್ಲಿ ಅಚ್ಚಾಗಿತ್ತು. ಯಾರೂ ಅವಳಿಗೆ ಅದನ್ನು ಕಡಿಮೆ ಕೊಟ್ಟಿಲ್ಲ.

ಕ್ರೆಡಿಟ್ಟಿನಲ್ಲಿ ಅರ್ಧ, ಮುಕ್ಕಾಲು ಅಂತ ಇಲ್ಲ. ಪಾಸಾದರೆ ಪೂರ್ತಿ, ಫೇಲಾದರೆ ಸೊನ್ನೆ.

ನನಗೆ ನಿಜವಾಗಿ ಕಾಳಜಿ ಇರುವುದು ಪ್ರಾಕ್ಟಿಕಲ್ಲಿನ ವಿಷಯದಲ್ಲಿ. ಸಿಲಬಸ್ಸಿನಲ್ಲಿ ಕೋರ್ಸಿನ ಹೆಸರಿನ ಪಕ್ಕ ಎಲ್-ಟಿ-ಪಿ ಎಂದು ಮೂರು ಅಂಕಿಗಳಿರುತ್ತವೆ. ಪಾಠ, ಟ್ಯುಟೋರಿಯಲ್, ಪ್ರಾಕ್ಟಿಕಲ್. ಕೆಲವು ಕಡೆ ಇವು ಕ್ರೆಡಿಟ್ಟುಗಳು, ಕೆಲವು ಕಡೆ ವಾರದ ಗಂಟೆಗಳು. ಯಾವುದು ಎಂದು ಪುಟದ ಮೇಲ್ಭಾಗದಲ್ಲೇ ನೋಡಿಕೊಳ್ಳಿ. ಇಲ್ಲಿ ಕ್ರೆಡಿಟ್ ಎಂದೇ ಹಿಡಿಯೋಣ. 'ಛಾಯಾಗ್ರಹಣ, 4 ಕ್ರೆಡಿಟ್' ಎಂದಷ್ಟೇ ಓದಿ ಖುಷಿಪಡುವ ಹುಡುಗರಿದ್ದಾರೆ. ಆ 4, 4-0-0 ಆಗಿದ್ದರೆ 60 ಗಂಟೆ ಬರೀ ಪಾಠ. ಲೆನ್ಸ್‌ನ ಚಿತ್ರ ಬೋರ್ಡಿನ ಮೇಲೆ ಬರೆದು ತೋರಿಸುತ್ತಾರೆ. 2-0-2 ಆಗಿದ್ದರೆ 30 ಗಂಟೆ ಪಾಠ, 60 ಗಂಟೆ ಕೈಯಲ್ಲಿ ಕ್ಯಾಮೆರಾ. 0-0-4 ಆಗಿದ್ದರೆ 120 ಗಂಟೆ ಕೆಲಸ. ಮೂರೂ ಮಾರ್ಕ್ಸ್ ಕಾರ್ಡಿನಲ್ಲಿ 4 ಎಂದೇ ಕಾಣುತ್ತವೆ. ಸಿನಿಮಾ ಕಲಿಯಲು ಬಂದವರಿಗೆ ಮೂರೂ ಒಂದೇ ಅಲ್ಲ.

120 ಗಂಟೆಯಲ್ಲಿ ಏನಾಗುತ್ತದೆ ಎಂದು ಕೇಳಬಹುದು. ಶರಣಬಸವೇಶ್ವರ ಜಾತ್ರೆಯಲ್ಲಿ ಅಥವಾ ಬಂದೇ ನವಾಜ್ ಉರುಸಿನಲ್ಲಿ ಒಂದು ಚಿಕ್ಕ ಡಾಕ್ಯುಮೆಂಟರಿ ಮಾಡಲು ಹೊರಟ ಗುಂಪನ್ನು ನೆನೆಯಿರಿ. ಮೊದಲು ಹೋಗಿ ಜಾಗ ನೋಡಬೇಕು, ಜನರನ್ನು ಮಾತಾಡಿಸಬೇಕು. ಜನಜಂಗುಳಿಯಲ್ಲಿ ಧ್ವನಿ ಹಿಡಿಯುವುದು ಸುಲಭವಲ್ಲ. ಬೀದರಿನ ಬಿದರಿ ಕುಶಲಕರ್ಮಿಯ ಕೈಯನ್ನು ಹತ್ತಿರದಿಂದ ಸೆರೆಹಿಡಿಯಬೇಕು ಅಂದುಕೊಂಡರೆ, ಕಪ್ಪು ಲೋಹದ ಮೇಲೆ ಬೆಳ್ಳಿ ಗೆರೆ ಹೊಳೆಯುವಂತೆ ಬೆಳಕು ಹೊಂದಿಸುವುದಕ್ಕೇ ಅರ್ಧ ದಿನ ಹೋಗುತ್ತದೆ. ಆಮೇಲೆ ಎಡಿಟಿಂಗ್ ಟೇಬಲ್ಲಿನ ಮುಂದೆ ರಾತ್ರಿಗಳು. ಅದಕ್ಕೇ ಪ್ರಾಕ್ಟಿಕಲ್ಲಿಗೆ ಎರಡರಷ್ಟು ಹೊತ್ತು ಇಟ್ಟಿರುವುದು. ಟೈಮ್‌ಟೇಬಲ್ಲಿನಲ್ಲಿ ಆ ಎರಡರಷ್ಟು ಹೊತ್ತು ಕಾಣದಿದ್ದರೆ, ಕಾಗದದ ಮೇಲೆ 4 ಎಂದು ಬರೆದವರು ನಿಮಗೆ ಕೊಡುತ್ತಿರುವುದು 2 ಮಾತ್ರ. ಅಡ್ಮಿಷನ್ ಮಾಡಿಸುವ ಮೊದಲು ಸಿಲಬಸ್ ಜೊತೆ ಟೈಮ್‌ಟೇಬಲ್ಲನ್ನೂ ಕೇಳಿ. ಅದು ನಿಮ್ಮ ಹಕ್ಕು. 'ಲ್ಯಾಬ್ ತೋರಿಸ್ರಿ ಸರ್' ಎಂದು ಕೇಳಲು ಹಿಂಜರಿಯಬೇಡಿ.

ಹೊರದೇಶದ ಕೋರ್ಸ್ ನೋಡುವವರ ಗೊಂದಲ ಇನ್ನೊಂದು ಬಗೆಯದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್ಸಿನಲ್ಲಿ 'ಫಿಲ್ಮ್ ಆಂಡ್ ಡಿಜಿಟಲ್ ಮೀಡಿಯಾ' ಎಂಬ ಹೆಸರಿನದೇ ಮೇಜರ್ (ಪದವಿಯ ಮುಖ್ಯ ವಿಷಯ) ಇದೆ. ಅಲ್ಲಿ ಪದವಿಗೆ 180 ಕ್ರೆಡಿಟ್ ಬೇಕು. 'ನಮ್ಮಲ್ಲಿ 120, ಅಲ್ಲಿ 180, ಒಂದೂವರೆ ಪಟ್ಟು ಜಾಸ್ತಿ ಓದಿಸ್ತಾರೆ' ಎಂದು ವಾದಿಸುವವರಿಗೆ ಕಡಿಮೆಯಿಲ್ಲ. ಅಲ್ಲಿ ನಡೆಯುವುದು ಕ್ವಾರ್ಟರ್ ಪದ್ಧತಿ. ಒಂದು ಕ್ವಾರ್ಟರಿಗೆ ಪಾಠ ಸುಮಾರು 10 ವಾರ. ಅಲ್ಲಿನ 3 ಕ್ವಾರ್ಟರ್ ಕ್ರೆಡಿಟ್ ಎಂದರೆ ಅಮೆರಿಕದ್ದೇ 2 ಸೆಮಿಸ್ಟರ್ ಕ್ರೆಡಿಟ್. ಹಾಗಾಗಿ ಅಲ್ಲಿನ 180, ಆ ದೇಶದ ಉಳಿದ ಕಡೆಯ 120ಕ್ಕೆ ಸಮ. ಇಷ್ಟಕ್ಕೇ ನಿಲ್ಲಿಸಿ 'ಹಾಗಾದ್ರೆ ನಮ್ಮ 120ಕ್ಕೂ ಸಮ' ಎಂದರೆ ಅದೂ ತಪ್ಪು. ಅವರ ಕ್ರೆಡಿಟ್ಟಿನಲ್ಲಿ ಮನೆಯಲ್ಲಿ ಓದುವ, ಸಿನಿಮಾ ನೋಡುವ, ಬರೆಯುವ ಹೊತ್ತೂ ಸೇರಿದೆ. ಅಲ್ಲಿ 5 ಕ್ರೆಡಿಟ್ಟಿನ ಒಂದು ಕೋರ್ಸ್ ಎಂದರೆ ಎಲ್ಲ ಸೇರಿ 150 ಗಂಟೆ ಕೆಲಸ. ಮೇಲೆ ಹೇಳಿದ ನಮ್ಮ ಲೆಕ್ಕ ಪಾಠದ, ಪ್ರಾಕ್ಟಿಕಲ್ಲಿನ ಹೊತ್ತನ್ನು ಎಣಿಸುತ್ತದೆ. ಯುರೋಪಿನದು ಮತ್ತೂ ಬೇರೆ: ವರ್ಷಕ್ಕೆ 60 ಕ್ರೆಡಿಟ್, ಒಂದಕ್ಕೆ 25ರಿಂದ 30 ಗಂಟೆ. ಅಂಕಿ ಬಿಟ್ಟು ಗಂಟೆ ನೋಡಿದರೆ ಯಾರೂ ಮೋಸ ಹೋಗುವುದಿಲ್ಲ.

ಆ ಸಾಂತಾ ಕ್ರೂಜ್ ಮೇಜರ್‌ನಲ್ಲಿ ಇನ್ನೊಂದನ್ನೂ ಗಮನಿಸಬೇಕು. ಮೊದಲು ಪರಿಚಯದ ಕೋರ್ಸ್‌ಗಳು, ಆಮೇಲೆ ಇತಿಹಾಸ ಮತ್ತು ಸಿದ್ಧಾಂತ, ಕೊನೆಯ ಹಂತದಲ್ಲಿ ಸೆಮಿನಾರ್ ಅಥವಾ ಪ್ರಾಜೆಕ್ಟ್. ಕೆಳಗಿನದು ಮುಗಿಯದೆ ಮೇಲಿನದಕ್ಕೆ ಸೇರಿಸುವುದಿಲ್ಲ. ಪದವಿಗೆ ಒಟ್ಟು ಕ್ರೆಡಿಟ್ ತುಂಬಿದರೆ ಸಾಲದು, ಯಾವ ಖಾನೆಯಲ್ಲಿ ಎಷ್ಟು ಅನ್ನುವುದೂ ಮುಖ್ಯ. ಯುಜಿಸಿ ಚೌಕಟ್ಟಿನಲ್ಲೂ 120ರಲ್ಲಿ ಕನಿಷ್ಠ 60 ಮೇಜರ್ ವಿಷಯದಲ್ಲೇ ಇರಬೇಕು. ಸುಲಭದ ಪತ್ರಿಕೆಗಳನ್ನು ಆರಿಸಿ 120 ಗುಡ್ಡೆ ಹಾಕಿದರೆ ಪದವಿ ಸಿಗುವುದಿಲ್ಲ.

ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂದ ಮೇಲೆ ದುಡ್ಡಿನ ನೆನಪು ಜಾಸ್ತಿಯಾಗಿದೆ. 2021ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಕ್ರೆಡಿಟ್ಟುಗಳು ನಿಮ್ಮ ಹೆಸರಿನಲ್ಲಿ ಜಮಾ ಇರುತ್ತವೆ, ಹೆಚ್ಚೆಂದರೆ 7 ವರ್ಷ. ಓದು ನಿಲ್ಲಿಸಿ ಮತ್ತೆ ಸೇರುವವರಿಗೆ, ಅದರಲ್ಲೂ ಮದುವೆ, ಕೆಲಸ ಎಂದು ನಡುವೆ ಬಿಡಬೇಕಾಗುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ದೊಡ್ಡ ಅನುಕೂಲ. ಆದರೆ ಇದಕ್ಕೆ ಬಡ್ಡಿ ಬೆಳೆಯುವುದಿಲ್ಲ, ಒಬ್ಬರದು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ.

ಸಿನಿಮಾದ ಟೈಟಲ್ ಕಾರ್ಡಿನ ಕ್ರೆಡಿಟ್ ಬೇರೆಯೇ. ಅದು ಯಾವ ಕೆಲಸ ಯಾರದು ಎಂದು ಹೇಳುವ ಸಾಲು. ಗುಂಪಿನಲ್ಲಿ ಪ್ರಾಜೆಕ್ಟ್ ಮಾಡುವಾಗ ಎಲ್ಲರಿಗೂ ನಿರ್ದೇಶಕರಾಗುವ ಆಸೆ, ಹಾಗಾದರೆ ಕ್ರೆಡಿಟ್ ಜಾಸ್ತಿ ಅನ್ನುವ ನಂಬಿಕೆ. ಪ್ರಾಜೆಕ್ಟ್ 6 ಕ್ರೆಡಿಟ್ಟಿನದಾದರೆ ಮೈಕ್ ಹಿಡಿದವಳಿಗೂ 6, ನಿರ್ದೇಶಿಸಿದವನಿಗೂ 6. ಸೌಂಡ್ ಮಾಡಿದವಳ ಹೆಸರನ್ನು ಟೈಟಲ್ಲಿನಲ್ಲಿ ಬಿಡುವ ಕೆಟ್ಟ ಅಭ್ಯಾಸ ವಿದ್ಯಾರ್ಥಿ ಸಿನಿಮಾಗಳಲ್ಲಿದೆ. ಅದನ್ನು ಮಾತ್ರ ಕ್ಷಮಿಸಬಾರದು.

ಕೊನೆಗೆ, ಮದುವೆ ವಿಡಿಯೊ ಸ್ಟುಡಿಯೊಗಳಲ್ಲಿ ದುಡಿಯುವ ಹುಡುಗರ ಪ್ರಶ್ನೆ. ಯಾದಗಿರಿ, ಶಹಾಪುರ, ಸೇಡಂ ಕಡೆಯಿಂದ ಬರುವ ಎಷ್ಟೋ ಹುಡುಗರಿಗೆ ಕ್ಯಾಮೆರಾ, ಡ್ರೋನ್, ಎಡಿಟಿಂಗ್ ಮೊದಲೇ ಬರುತ್ತದೆ. 'ಎರಡು ವರ್ಷ ಕೆಲಸ ಮಾಡೀನ್ರಿ, ಅದಕ್ಕೆಷ್ಟು ಕ್ರೆಡಿಟ್ ಸಿಗ್ತದ?' ಎಂದು ಕೇಳುತ್ತಾರೆ. ತಾನಾಗಿ ಸಿಗುವುದಿಲ್ಲ. ಕೋರ್ಸಿಗೆ ಸೇರಿದ ಮೇಲೆ ಇಂಟರ್ನ್‌ಶಿಪ್ ಎಂದು ಕಾಲೇಜಿನಲ್ಲಿ ಹೆಸರು ಬರೆಸಿ, ಮಾರ್ಗದರ್ಶಕರ ಸಹಿಯೊಂದಿಗೆ ಅದೇ ಸ್ಟುಡಿಯೊದಲ್ಲಿ ಕೆಲಸ ಮಾಡಿದರೆ ಲೆಕ್ಕಕ್ಕೆ ಬರಬಹುದು. ಯುಜಿಸಿ ಚೌಕಟ್ಟಿನಲ್ಲಿ ಇಂಟರ್ನ್‌ಶಿಪ್ಪಿಗೆ 2ರಿಂದ 4 ಕ್ರೆಡಿಟ್ ಇದೆ, 1 ಕ್ರೆಡಿಟ್ಟಿಗೆ 30 ಗಂಟೆ. ಅಂದರೆ 4 ಕ್ರೆಡಿಟ್ಟಿಗೆ 120 ಗಂಟೆ. ಸ್ಟುಡಿಯೊ ಹೆಸರು, ದಿನಾಂಕ, ಗಂಟೆ ಎಲ್ಲ ಬರೆದ ಡೈರಿ ಇಟ್ಟುಕೊಳ್ಳಿ, ಮತ್ತು ಕೆಲಸ ಶುರು ಮಾಡುವ ಮೊದಲೇ ವಿಭಾಗದ ಒಪ್ಪಿಗೆಯನ್ನು ಕಾಗದದ ಮೇಲೆ ಪಡೆಯಿರಿ.